ತಿಳುವಳಿಕೆ ಪತ್ರ: ಮೇಲಧಿಕಾರಿ ಇಲ್ಲದ ಊರಿನವರಿಗೆ

ದಕ್ಷಿಣ ಅಟ್ಲಾಂಟಿಕ್ ಸಾಗರದ ಟ್ರಿಸ್ಟನ್ ಡ ಕುನ್ಹಾ ದ್ವೀಪ, 'ಏಳು ಕಡಲಿನ ಎಡಿನ್‌ಬರ್ಗ್' ಗ್ರಾಮದ ಸಮಸ್ತ ನಿವಾಸಿಗಳಿಗೆ,

ವಿಷಯ: ತಾವು ಅಷ್ಟು ದೂರದಲ್ಲಿ ಇನ್ನೂ ಬದುಕಿರುವ ಬಗ್ಗೆ ಸಮಜಾಯಿಷಿ ಕೋರಿ.
ಉಲ್ಲೇಖ: ಇಲ್ಲ.

ಉಭಯ ಕುಶಲೋಪರಿ ಸಾಂಪ್ರತ. ಈ ಕಡೆ ಎಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಕಾಗದ ಬರೆಯುತ್ತಿರಿ ಎಂದು ಶುರು ಮಾಡುವುದು ನಮ್ಮ ಪದ್ಧತಿ. ನಿಮ್ಮ ಮಟ್ಟಿಗೆ 'ಆಗಾಗ್ಗೆ'ಯನ್ನು ಹೊಡೆದುಹಾಕಿದ್ದೇನೆ. ಕೇಪ್‌ಟೌನಿನಿಂದ ನಿಮ್ಮಲ್ಲಿಗೆ ವರ್ಷಕ್ಕೆ ಹತ್ತು ಹಡಗು ಬಂದರೆ ಹೆಚ್ಚು. ಬಂದದ್ದೂ ಕಡಲು ಮುನಿದಿದ್ದರೆ ಜನರನ್ನು ಇಳಿಸಲಾಗದೆ ಊರಿನ ಎದುರಿಗೇ ತೂಗಾಡುತ್ತ ನಿಲ್ಲುತ್ತದೆಯಂತೆ.

ನಾನು ತಾಲೂಕು ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಪಹಣಿ, ಖಾತೆ, ಪೋಡಿ, ಹದ್ದುಬಸ್ತು ಎಂದು ಮೂವತ್ತೈದು ವರ್ಷ ಸವೆಸಿದ್ದೇನೆ. ಮೊಮ್ಮಗಳ ಭೂಪಟದಲ್ಲಿ ನಿಮ್ಮ ಊರನ್ನು ಮೊದಲು ನೋಡಿದಾಗ ನೊಣದ ಕೊಳೆ ಎಂದುಕೊಂಡು ಉಗುರಿನಿಂದ ಕೆರೆದೆ. ಹೋಗಲಿಲ್ಲ. ಅಂದಿನಿಂದ ನಿಮ್ಮ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಒಂದು ಕಡತ ಕಟ್ಟಿದ್ದೇನೆ. ಆಕ್ಷೇಪಣೆಗಳು ಬಹಳ ಇವೆ.

ಮೊದಲು ಮೂಲ ದಾಖಲೆಗೆ ಬರೋಣ. ನೆಪೋಲಿಯನ್ನನನ್ನು ಸೇಂಟ್ ಹೆಲೆನಾ ದ್ವೀಪದಲ್ಲಿ ಕೂಡಿಹಾಕಿದ ಬ್ರಿಟಿಷರು, ಅವನನ್ನು ಯಾರೂ ಬಿಡಿಸಿಕೊಂಡು ಹೋಗದಿರಲಿ ಎಂದು 1816ರಲ್ಲಿ ನಿಮ್ಮ ದ್ವೀಪದಲ್ಲಿ ಪಹರೆ ಇಟ್ಟರು. ನಡುವೆ ಸುಮಾರು 2,400 ಕಿಲೋಮೀಟರ್ ನೀರು. ಮೈಸೂರಿನ ಕೈದಿ ಓಡಿಹೋಗದಂತೆ ದಿಲ್ಲಿಯಲ್ಲಿ ಪೇದೆಯನ್ನು ನಿಲ್ಲಿಸಿದ ಹಾಗೆ. ಇಷ್ಟು ಅಚ್ಚುಕಟ್ಟಾದ ಸರ್ಕಾರಿ ಯೋಜನೆಯನ್ನು ನಾನು ಇಲಾಖೆಯಲ್ಲೂ ಕಂಡಿಲ್ಲ. ಮರುವರ್ಷವೇ ಪಹರೆ ವಾಪಸಾಯಿತು. ಆದರೆ ಸ್ಕಾಟ್ಲೆಂಡಿನ ಕಾರ್ಪೊರಲ್ ವಿಲಿಯಂ ಗ್ಲಾಸ್ ಹೆಂಡತಿ ಮಕ್ಕಳೊಂದಿಗೆ ಉಳಿದುಕೊಂಡ, ಇಬ್ಬರು ಸಂಗಡಿಗರೂ ಉಳಿದರು. ಮೂವರೂ ಸೇರಿ ಒಂದು ಕರಾರು ಬರೆದರು. ಸಾಮಾನು ಸರಂಜಾಮು ಎಲ್ಲರಿಗೂ ಸಮ, ಲಾಭ ಸಮ, ಖರ್ಚು ಸಮ, ಯಾರೂ ಯಾರಿಗೂ ಮೇಲಲ್ಲ ಎಂಬುದು ಅದರ ಸಾರಾಂಶ. ಆ ಕಾಗದ ಈಗಲೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಇದನ್ನು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮೇಲೆ ಯಾರೂ ಇಲ್ಲ ಎಂದರೆ ಕಡತವನ್ನು 'ಆದೇಶಕ್ಕಾಗಿ ಮಂಡಿಸಿದೆ' ಎಂದು ಬರೆದು ಯಾರ ಮುಂದೆ ಇಡುವುದು? ತಪ್ಪಾದರೆ ಕೆಳಗಿನವನ ಮೇಲೆ ಹಾಕುವುದು ನಮ್ಮಲ್ಲಿ ಪದ್ಧತಿ. ಕೆಳಗಿನವನೇ ಇಲ್ಲದಿದ್ದರೆ? ಈಗ ನಿಮಗೆ ಬ್ರಿಟನ್ ಕಳಿಸಿದ ಆಡಳಿತಾಧಿಕಾರಿ ಇದ್ದಾರೆ, ಮೂರು ವರ್ಷಕ್ಕೊಮ್ಮೆ ಚುನಾಯಿಸುವ ದ್ವೀಪ ಮಂಡಳಿ ಇದೆ, ಅದರಲ್ಲಿ ಒಬ್ಬ ಹೆಣ್ಣುಮಗಳಾದರೂ ಇರಲೇಬೇಕು, ಊರಿಗೊಬ್ಬ 'ಚೀಫ್ ಐಲ್ಯಾಂಡರ್' ಇದ್ದಾರೆ ಎಂಬುದೆಲ್ಲ ಗೊತ್ತಾಗಿ ಸ್ವಲ್ಪ ಸಮಾಧಾನವಾಯಿತು.

ಜಮೀನಿನ ವಿಚಾರ ಇನ್ನೂ ಗಂಭೀರ. ನಿಮ್ಮಲ್ಲಿ ಭೂಮಿ ಊರೊಟ್ಟಿನದು, ಹೊರಗಿನವರು ಕೊಳ್ಳುವಂತಿಲ್ಲ, ಬಂದು ನೆಲೆಸುವಂತೆಯೂ ಇಲ್ಲ. ಹೋಗಲಿ, ಊರಿನವರಾದರೂ ಬೆಳೆಯಬಹುದೇ ಎಂದರೆ ಅದೂ ಇಲ್ಲ. ಹುಲ್ಲುಗಾವಲು ಬರಿದಾಗಬಾರದು, ಒಂದು ಮನೆ ಇನ್ನೊಂದು ಮನೆಗಿಂತ ಕೊಬ್ಬಬಾರದು ಎಂದು ಕುಟುಂಬಕ್ಕೆ ಇಷ್ಟೇ ದನ, ಇಷ್ಟೇ ಕುರಿ ಎಂಬ ಕಟ್ಟಳೆ. ಗೋಮಾಳ ಎಂಬುದು ನನ್ನ ಸೇವಾವಧಿಯಲ್ಲಿ ಮೇಯಿಸುವುದಕ್ಕಿಂತ ಮೇಯುವುದಕ್ಕೇ ಹೆಚ್ಚು ಬಳಕೆಯಾದ ಜಾಗ. ಇನ್ನೂರು ವರ್ಷದಲ್ಲಿ ಒಂದು ಲೇಔಟ್ ಕೂಡ ಏಳದ ಗೋಮಾಳವನ್ನು ಹೇಗೆ ಇಟ್ಟುಕೊಂಡಿದ್ದೀರಿ ಎಂಬುದಕ್ಕೆ ಲಿಖಿತ ವಿವರಣೆ ಬೇಕು.

ಮದುವೆ ವಿಚಾರದಲ್ಲೂ ನೀವು ಕ್ರಮ ಪಾಲಿಸಿಲ್ಲ. ಐವರು ಬ್ರಹ್ಮಚಾರಿಗಳು ಹಡಗಿನ ಕಪ್ತಾನನಿಗೆ ಹೇಳಿ ಕಳಿಸಿದರು, 1827ರಲ್ಲಿ ಅವನು ಸೇಂಟ್ ಹೆಲೆನಾದಿಂದ ಐವರು ಹೆಂಗಸರನ್ನು ಕರೆತಂದ. ಜಾತಕವಿಲ್ಲ, ಮಾತುಕತೆಯಿಲ್ಲ. ಆಮೇಲೆ ಹಡಗು ಒಡೆದು ದಡ ಸೇರಿದವರೂ ಅಳಿಯಂದಿರಾದರು. 1892ರಲ್ಲಿ ಹಾಗೆ ಬಂದ ಇಟಲಿಯ ಇಬ್ಬರಿಂದ ಲವರೆಲ್ಲೊ, ರೆಪೆಟ್ಟೊ ಎಂಬ ಎರಡು ಮನೆತನ ಹುಟ್ಟಿದವು. ಗ್ಲಾಸ್, ಸ್ವೇನ್, ಗ್ರೀನ್, ಹೇಗನ್, ರಾಜರ್ಸ್ ಮೊದಲೇ ಇದ್ದರು. ಊರಿನ ಬಹುಪಾಲು ಈ ಕೆಲವೇ ಹೆಸರುಗಳಲ್ಲಿ ಮುಗಿಯುತ್ತದೆ. ಅದಕ್ಕೆ ತೆತ್ತ ಬೆಲೆಯೂ ಇದೆ. ಮೂಲ ವಲಸಿಗರಲ್ಲಿ ಕೆಲವರಿಗಿದ್ದ ಉಬ್ಬಸ ತಲೆಮಾರಿನಿಂದ ತಲೆಮಾರಿಗೆ ಇಳಿದು, ಟೊರಾಂಟೊ ವಿಶ್ವವಿದ್ಯಾಲಯದವರು ಆಸ್ತಮಾದ ವಂಶವಾಹಿ ಹುಡುಕಲು ನಿಮ್ಮ ರಕ್ತ ತೆಗೆದುಕೊಂಡು ಹೋಗುವಷ್ಟಾಯಿತು.

ಒಂದು ವಿಷಯದಲ್ಲಿ ಮಾತ್ರ ನನ್ನ ಕೆಂಪು ಶಾಯಿ ಓಡಲಿಲ್ಲ. 1885ರ ನವೆಂಬರಿನಲ್ಲಿ ದೂರದಲ್ಲಿ ಹೋಗುತ್ತಿದ್ದ ಹಡಗೊಂದನ್ನು ಕಂಡು, ಅದರೊಡನೆ ಕೊಡು-ಕೊಳ್ಳುವಿಕೆ ಮಾಡೋಣವೆಂದು ಹದಿನೈದು ಗಂಡಸರು ದೋಣಿ ಇಳಿಸಿದರು. ಒಬ್ಬರೂ ಹಿಂದಿರುಗಲಿಲ್ಲ. ಊರಿನಲ್ಲಿ ಉಳಿದ ಬೆಳೆದ ಗಂಡಸರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆಗಲೂ ಊರು ಖಾಲಿಯಾಗಲಿಲ್ಲ.

ಖಾಲಿಯಾದದ್ದು 1961ರ ಅಕ್ಟೋಬರಿನಲ್ಲಿ. ಮನೆಗಳ ಪಕ್ಕದಲ್ಲೇ ನೆಲ ಬಿರಿದು ಬೆಂಕಿ ಉಕ್ಕಿತು, ಲಾವಾ ಹರಿದು ಮೀನಿನ ಕಾರ್ಖಾನೆಯನ್ನೂ ದೋಣಿ ಇಳಿಸುವ ದಂಡೆಯನ್ನೂ ನುಂಗಿತು. ಎಲ್ಲ 264 ಜನರನ್ನು ಇಂಗ್ಲೆಂಡಿಗೆ ಸಾಗಿಸಲಾಯಿತು. ಸೌತಾಂಪ್ಟನ್ ಹತ್ತಿರ ಕಾಲ್ಷಾಟ್‌ನಲ್ಲಿ ಮನೆ ಕೊಟ್ಟರು, ಕೆಲಸ ಕೊಟ್ಟರು. ಬಸ್ಸು, ಸಿನಿಮಾ, ಟಿವಿ, ಅಂಗಡಿ, ಎಲ್ಲ ಕೈಗೆಟುಕಿದವು. ಜೊತೆಗೆ ಇಂಗ್ಲಿಷ್ ನೆಗಡಿ, ಇಂಗ್ಲಿಷ್ ಚಳಿ. ಮರುವರ್ಷ ವಾಪಸು ಹೋಗುವುದೋ ಬೇಡವೋ ಎಂದು ಮತಕ್ಕೆ ಹಾಕಿದರೆ ಹೋಗುತ್ತೇವೆ ಎಂದವರು 148, ಬೇಡ ಎಂದವರು 5. 1963ರಲ್ಲಿ ನಿಮ್ಮಲ್ಲಿ ಬಹುಪಾಲು ಜನ ಮನೆಗೆ ಮರಳಿದಿರಿ.

ಸ್ವಾಮಿ, ಇದು ಅಕ್ಷಮ್ಯ. ಮುಳುಗಡೆಯಾದ ಎಷ್ಟೋ ಊರಿನವರ ಅರ್ಜಿಗಳನ್ನು ಕೈಯಾರೆ ನೋಡಿದವನು ನಾನು. ಒಕ್ಕಲೆದ್ದವರು ಪರಿಹಾರ ಕೇಳುತ್ತಾರೆ, ನಿವೇಶನ ಕೇಳುತ್ತಾರೆ, ಬಂದು ಬಂದು ಚಪ್ಪಲಿ ಸವೆಸುತ್ತಾರೆ. ನಮ್ಮ ಊರನ್ನೇ ವಾಪಸು ಕೊಡಿ ಎಂದು ಕೇಳಿ ಪಡೆದವರ ಒಂದು ಪ್ರಕರಣವೂ ನನ್ನ ನೆನಪಿನಲ್ಲಿಲ್ಲ. ಅಂಥ ಅರ್ಜಿಗೆ ನಮೂನೆಯೇ ಇಲ್ಲ. ಇಂಗ್ಲೆಂಡ್ ಬಿಟ್ಟು ದ್ವೀಪದ ಆಲೂಗಡ್ಡೆ ಹೊಲಕ್ಕೆ ಹೋದವರನ್ನು 'ಅಭಿವೃದ್ಧಿ' ಎಂಬ ಶೀರ್ಷಿಕೆಯಡಿ ಯಾವ ಕಾಲಮ್ಮಿನಲ್ಲಿ ತೋರಿಸುವುದು?

ದೂರ ಎಂಬ ದೂರಿನ ಬಗ್ಗೆಯೂ ವಿಚಾರಣೆ ಮಾಡಿದ್ದೇನೆ. ನಿಮ್ಮಿಂದ ಕೇಪ್‌ಟೌನ್ ಸುಮಾರು 2,800 ಕಿಲೋಮೀಟರ್, ವಿಮಾನವಿಲ್ಲ, ಹಡಗಿಗೆ ಒಂದು ವಾರ. ನನ್ನ ಮೇಜಿನಿಂದ ಪಕ್ಕದ ಮೇಜಿಗೆ ಕಡತವೊಂದು ಅದಕ್ಕಿಂತ ಬೇಗ ತಲುಪಿದ್ದು ನಾನು ಕಾಣೆ. ಆ ಲೆಕ್ಕದಲ್ಲಿ ಜಗತ್ತಿನ ಅತಿ ದೂರದ ಜನವಸತಿ ಎಂಬ ನಿಮ್ಮ ಬಿರುದಿಗೆ ನನ್ನ ತಕರಾರಿದೆ. ಜಗತ್ತೂ ಬೇಡವಾದಾಗ ನಿಮ್ಮ ಹತ್ತಿರವೇ ಇರುತ್ತದೆ. 2011ರಲ್ಲಿ ಬ್ರೆಜಿಲಿನಿಂದ ಸಿಂಗಪುರಕ್ಕೆ ಸೋಯಾ ಹೊತ್ತಿದ್ದ 'ಒಲಿವಾ' ಎಂಬ ಹಡಗು, ಅಷ್ಟೊಂದು ಖಾಲಿ ಸಮುದ್ರ ಬಿದ್ದಿದ್ದರೂ ನೇರವಾಗಿ ಬಂದು ನಿಮ್ಮ ನೆರೆಯ ನೈಟಿಂಗೇಲ್ ದ್ವೀಪಕ್ಕೆ ಗುದ್ದಿತು. ಎಣ್ಣೆ ಮೆತ್ತಿದ ಪೆಂಗ್ವಿನ್‌ಗಳನ್ನು ನೀವು ಸಾವಿರಗಟ್ಟಲೆ ದೋಣಿಯಲ್ಲಿ ಹೊತ್ತುತಂದು ತೊಳೆದಿರಿ, ಊರಿನ ಈಜುಕೊಳವನ್ನೇ ಅವಕ್ಕೆ ಬಿಟ್ಟುಕೊಟ್ಟಿರಿ. ಬಹಳಷ್ಟು ಸತ್ತವು. ಈಜುಕೊಳವನ್ನು ಅನ್ಯ ಉದ್ದೇಶಕ್ಕೆ ಬಳಸಲು ಪೂರ್ವಾನುಮತಿ ಪಡೆದಿದ್ದಿರಾ?

ಒತ್ತುವರಿ ಪ್ರಕರಣವೂ ನಿಮ್ಮ ಮೇಲಿದೆ. ಇನ್ನೂರೈವತ್ತು ಜನರೂ ಇಲ್ಲದ ನೀವು 2020ರಲ್ಲಿ ಸುಮಾರು 6,87,000 ಚದರ ಕಿಲೋಮೀಟರ್ ಕಡಲನ್ನು ಸಂರಕ್ಷಿತ ವಲಯವೆಂದು ಘೋಷಿಸಿಕೊಂಡಿದ್ದೀರಿ. ಇಡೀ ಕರ್ನಾಟಕದ ಮೂರೂವರೆ ಪಟ್ಟು! ಒತ್ತುವರಿ ಮಾಡಿಕೊಂಡು ಏನೂ ಕಟ್ಟದೆ, ಏನೂ ತೋಡದೆ ಬಿಟ್ಟ ಪ್ರಕರಣ ಇದೇ ಮೊದಲು. ಸಿಗಡಿಯ ಅಣ್ಣನಂಥ ಆ ಲಾಬ್‌ಸ್ಟರ್ ಹಿಡಿದು ಹೊರದೇಶಕ್ಕೆ ಮಾರಿ ಊರು ನಡೆಸುತ್ತೀರಿ, ಅದನ್ನೂ ಇಷ್ಟೇ ಹಿಡಿಯಬೇಕೆಂದು ಮಿತಿ ಹಾಕಿಕೊಂಡಿದ್ದೀರಿ. ಹೀಗಾದರೆ ಹೂಡಿಕೆದಾರರು ಬರುವುದು ಹೇಗೆ? ಬರುವವರಿಗೂ ನಿಮ್ಮ ಮಂಡಳಿಯ ಒಪ್ಪಿಗೆ ಬೇಕಲ್ಲ.

ನಾನೇ ಒಮ್ಮೆ ಖುದ್ದಾಗಿ ಸ್ಥಳ ತನಿಖೆಗೆ ಬರೋಣವೆಂದಿದ್ದೆ. ಮನೆಯಾಕೆ, "ಪಕ್ಕದ ಬೀದಿಯ ಬೆಸ್ಕಾಂನಲ್ಲಿ ಬಿಲ್ಲು ಕಟ್ಟಿ ಬನ್ನಿ ಮೊದಲು" ಅಂದಳು. ಆದ್ದರಿಂದ ತನಿಖೆಯನ್ನು ಮುಂದೂಡಲಾಗಿದೆ.

ಲಕೋಟೆಯ ಮೇಲೆ ಟಿಡಿಸಿಯು 1ಝಡ್‌ಝಡ್ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. 2005ಕ್ಕೆ ಮೊದಲು ನಿಮಗೆ ಈ ಅಂಚೆ ಸಂಕೇತವಿರಲಿಲ್ಲ, ನಿಮ್ಮ ಕೆಲವು ಕಾಗದಗಳು ಸ್ಕಾಟ್ಲೆಂಡಿನ ಎಡಿನ್‌ಬರ್ಗ್ ಸುತ್ತಿ ಬರುತ್ತಿದ್ದವಂತೆ. ಉತ್ತರಕ್ಕೆ ಅವಸರವಿಲ್ಲ, ಹಡಗು ಬಂದಾಗ ಹಾಕಿ. ಅಂದಹಾಗೆ, 1946ರಲ್ಲಿ ಅಲನ್ ಕ್ರಾಫರ್ಡ್ ಎಂಬವರು ನಿಮಗಾಗಿ ಒಂದು ಪೆನ್ನಿಯ ಅಂಚೆಚೀಟಿ ರೂಪಿಸಿ, ದುಡ್ಡಿನ ಜೊತೆಗೆ 'ನಾಲ್ಕು ಆಲೂಗಡ್ಡೆ' ಎಂದೂ ಬೆಲೆ ಹಾಕಿದ್ದರಂತೆ. ಲಂಡನ್ ಅದನ್ನು ಒಪ್ಪಲಿಲ್ಲ. ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಒಂದು ಉಳಿದಿದ್ದರೆ ಅದನ್ನೇ ಅಂಟಿಸಿ ಕಳಿಸಿ. ಮೊಮ್ಮಗಳು ಕೇಳುತ್ತಿದ್ದಾಳೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಶಿರಸ್ತೇದಾರ