ಎಡಗೈಗೊಂದು ರಿಮೋಟು

ನಮ್ಮ ಕೋಲಾರದ ಕಡೆ ಬರ ಇರುವುದು ರೈಲಿಗೆ, ರೈಲಿನ ಮಾತಿಗಲ್ಲ. ಈ ವಿಷಯದಲ್ಲಿ ಮಾಲೂರಿನವರು ಪುಣ್ಯವಂತರು. 1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ಹಳಿ ಬಿದ್ದಂದಿನಿಂದ ಅವರ ಊರಿನ ಪಕ್ಕದಲ್ಲೇ ಗಾಡಿ ಓಡುತ್ತಿದೆ. ಕೋಲಾರಕ್ಕೆ ಬೌರಿಂಗ್‌ಪೇಟೆಯಿಂದ ಎರಡೂವರೆ ಅಡಿ ಅಗಲದ ಪುಟ್ಟ ಹಳಿಯ ಗಾಡಿ ಬಂದದ್ದು 1913ರಲ್ಲಿ. ಆಮೇಲೆ ಅದು ಶ್ರೀನಿವಾಸಪುರ, ಚಿಂತಾಮಣಿಗಳನ್ನು ಹಾದು ಹೋಯಿತು. ಅದನ್ನು ಕಿತ್ತುಹಾಕಿ, ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ದೊಡ್ಡ ಹಳಿಯ ಮೇಲೆ ಮತ್ತೆ ಗಾಡಿ ಬಿಡುವಷ್ಟರಲ್ಲಿ 2013 ಬಂದಿತ್ತು. ಶ್ರೀನಿವಾಸಪುರಕ್ಕೆ ರೈಲು ಕೋಚ್ ಕಾರ್ಖಾನೆ ಬರುತ್ತದೆ ಎಂಬ ಸುದ್ದಿ ಬಂದು ದಶಕ ದಾಟಿತು. ಸುದ್ದಿ ಇನ್ನೂ ಚೆನ್ನಾಗಿ ಓಡುತ್ತಿದೆ. ಮುಳಬಾಗಿಲಿಗಂತೂ ರೈಲೇ ಇಲ್ಲ.

ಇಲ್ಲ ಎಂದರೆ ನಮ್ಮ ಮೇಷ್ಟ್ರಿಗೆ ಕೋಪ ಬರುತ್ತದೆ. ಅವರ ಮುಳಬಾಗಿಲ ಮನೆಯ ಹಿತ್ತಲಲ್ಲಿ ಪ್ರತಿ ಭಾನುವಾರ ಉಗಿಬಂಡಿ ಓಡುತ್ತದೆ. ಬಂಡಿ ನನ್ನದು, ಹಿತ್ತಲು ಅವರದು, ಹಳಿಯ ಕೆಳಗಿನ ಇಟ್ಟಿಗೆ ಮಾಲೂರಿನ ನಮ್ಮ ಗೂಡಿನ ಸಾಹುಕಾರರದು. ಮಾವಿನ ಕಾಲ ಮುಗಿದ ಮೇಲೆ ಇಡೀ ಸಂಸ್ಥಾನ ಶ್ರೀನಿವಾಸಪುರದ ತೋಟದ ಯಜಮಾನರಲ್ಲಿಗೆ ವಲಸೆ ಹೋಗುತ್ತದೆ.

ಎಂಜಿನ್ ಬಂದದ್ದು ಇಂಗ್ಲೆಂಡಿನ ಡಾಂಕಾಸ್ಟರ್‌ನಿಂದ. ಅಲ್ಲಿ ರೌಂಡ್‌ಹೌಸ್ ಎಂಬ ಕಂಪನಿಯವರು ನಿಜವಾದ ಉಗಿಯಲ್ಲಿ ಓಡುವ ಪುಟಾಣಿ ಎಂಜಿನ್‌ಗಳನ್ನು ಮಾಡುತ್ತಾರೆ. ಕರೆಂಟಿಲ್ಲ, ಮೋಟಾರಿಲ್ಲ. ಬಾಯ್ಲರಿಗೆ ನೀರು, ಅದರ ಹೊಟ್ಟೆಯೊಳಗೆ ಬ್ಯೂಟೇನ್ ಗ್ಯಾಸಿನ ಉರಿ, ಪಿಸ್ಟನ್ನಿಗೆ ಎರಡು ತೊಟ್ಟು ದಪ್ಪ ಎಣ್ಣೆ. ಚದರ ಇಂಚಿಗೆ 40 ಪೌಂಡು ಒತ್ತಡ ಏರಿತೆಂದರೆ ಹೊರಡಲು ಸಿದ್ಧ. ನನ್ನ ಭಾವಮೈದ ಅದನ್ನು ಸ್ವೆಟರ್‌ಗಳ ನಡುವೆ ಮಗುವಿನಂತೆ ಸುತ್ತಿ ತಂದ. ರಿಮೋಟ್ ಮಾತ್ರ ತರಲಿಲ್ಲ. “ಅದು ಇಲ್ಲೇ ಸಿಗುತ್ತೆ ಭಾವ, ಬೆಂಗಳೂರಲ್ಲಿ ಏನು ಸಿಗಲ್ಲ ಹೇಳಿ?” ಎಂದು ವಿಮಾನ ಹತ್ತಿಬಿಟ್ಟ.

ಉಗಿ ಎಂಜಿನ್‌ನ ರಿಮೋಟಿಗೆ ಇರುವ ಕೆಲಸ ಎರಡೇ. ಉಗಿ ಎಷ್ಟು ಬಿಡಬೇಕು ಎಂದು ರೆಗ್ಯುಲೇಟರಿಗೆ ಹೇಳುವುದು. ಮುಂದಕ್ಕೋ ಹಿಂದಕ್ಕೋ ಎಂದು ಇನ್ನೊಂದು ಸನ್ನೆಗೆ ಹೇಳುವುದು. ಡ್ರೈವರ್ ನಿಲ್ಲುವ ಗೂಡಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಎರಡು ಸರ್ವೋ ಮೋಟಾರುಗಳು ಕೂತಿರುತ್ತವೆ, ಆ ಎರಡು ಸನ್ನೆಗಳನ್ನು ಎಳೆಯುತ್ತವೆ. ಅಲ್ಲಿಗೆ ಎರಡು ಚಾನೆಲ್ ಸಾಕು. ಆದರೆ ಅಂಗಡಿಯವರು ಎರಡಕ್ಕೆ ಒಪ್ಪಬೇಕಲ್ಲ! ಆರು, ಎಂಟು, ಹತ್ತು ಎಂದು ಹರಾಜು ಕೂಗಿದಂತೆ ಏರಿಸುತ್ತಾರೆ. “ಮುಂದೆ ಬೇಕಾಗುತ್ತೆ ಸಾರ್.” ಮುಂದೆ ಏನು ಬೇಕಾಗುತ್ತೆ? ನಮ್ಮ ಬಂಡಿ ಹಾರುವುದಿಲ್ಲ, ಪಲ್ಟಿ ಹೊಡೆಯುವುದಿಲ್ಲ, ಮದುವೆಯ ವಿಡಿಯೋ ತೆಗೆಯುವುದಿಲ್ಲ.

ಮೊದಲು ನೋಡಿದ್ದು ಪಕ್ಕದ ಮನೆ ಹುಡುಗನ ಡ್ರೋನ್ ರಿಮೋಟು. ಫ್ಲೈಸ್ಕೈ ಕಂಪನಿಯ ಆರು ಚಾನೆಲಿನದು, ನಾಲ್ಕು ಪೆನ್ಸಿಲ್ ಸೆಲ್ ನುಂಗುತ್ತದೆ. “ಅರ್ಧ ಕಿಲೋಮೀಟರ್‌ಗೂ ಜಾಸ್ತಿ ಹೋಗುತ್ತೆ ಅಂಕಲ್” ಎಂದು ಹುಡುಗ ಹೆಮ್ಮೆಪಟ್ಟ. ನಾನು ಲೆಕ್ಕ ಹಾಕಿದೆ. ನಮ್ಮ ಹಳಿಯ ಅಗಲ 45 ಮಿಲಿಮೀಟರ್. ಹಳೆಯ ಕೋಲಾರದ ಹಳಿಯದು 762. ಅಂದರೆ ನಮ್ಮದು ಹೆಚ್ಚುಕಡಿಮೆ ಹದಿನೇಳರಲ್ಲಿ ಒಂದು ಪಾಲು. ಆ ಗಾಡಿ ಗಂಟೆಗೆ 20 ಕಿಲೋಮೀಟರ್ ಓಡಿತು ಎಂದಿಟ್ಟುಕೊಂಡರೆ ನಮ್ಮದು 1.2 ಕಿಲೋಮೀಟರ್ ಓಡಬೇಕು. ಒಮ್ಮೆ ತುಂಬಿದ ಗ್ಯಾಸು ಬರುವುದು ಇಪ್ಪತ್ತೋ ಇಪ್ಪತ್ತೈದೋ ನಿಮಿಷ. ರಿಮೋಟಿನ ಸರಹದ್ದು ಮುಟ್ಟುವುದರೊಳಗೆ ಒಲೆ ಆರಿರುತ್ತದೆ. ಅಷ್ಟು ದೂರ ಹೋದರೆ ಮೇಷ್ಟ್ರ ಹಿತ್ತಲ ಗೋಡೆ ದಾಟಿ ಮೂರು ಮನೆಗಳ ಬಚ್ಚಲ ಮೂಲಕ ಹೋಗಬೇಕಾಗುತ್ತದೆ, ಅದು ಬೇರೆ ವಿಷಯ.

ಆ ರಿಮೋಟು ಬಿದ್ದುಹೋದದ್ದು ದೂರದ ಪರೀಕ್ಷೆಯಲ್ಲಲ್ಲ, ದೋಸೆಯ ಪರೀಕ್ಷೆಯಲ್ಲಿ. ಮುಳಬಾಗಿಲಿಗೆ ಹೋದವರು ದೋಸೆ ತಿನ್ನದೆ ಬರುವಂತಿಲ್ಲ. ಮೇಷ್ಟ್ರ ಮನೆಯವರು ಕಾವಲಿಯಿಂದ ಎತ್ತಿದ್ದನ್ನು ನೇರ ಹಿತ್ತಲಿಗೇ ತರುತ್ತಾರೆ. “ಅಣ್ಣಾ, ಆರೋಗತ್ತೆ, ಮೊದಲು ತಿನ್ನಿ.” ಕೆಂಪಗೆ ಬೆಂದ, ಅಂಚು ಗರಿಗರಿ, ಮೇಲೆ ಬೆಣ್ಣೆ. ಇದನ್ನು ಬಿಸಿಯಲ್ಲೇ ಬಲಗೈಯಲ್ಲಿ ಮುರಿಯಬೇಕು. ಡ್ರೋನ್ ರಿಮೋಟಿಗೋ ಎರಡು ಕೈ, ಎರಡು ಹೆಬ್ಬೆರಳು ಬೇಕು. ಎಡಗಡೆಯ ಕಡ್ಡಿ ಬಿಟ್ಟಲ್ಲಿ ನಿಲ್ಲುತ್ತದೆ, ಅದಕ್ಕೆ ರೆಗ್ಯುಲೇಟರ್ ಕೊಡಬಹುದು. ಬಲಗಡೆಯ ಕಡ್ಡಿಗೆ ಸ್ಪ್ರಿಂಗು. ಬಿಟ್ಟರೆ ಟಪ್ಪನೆ ನಡುವಿಗೆ ಬರುತ್ತದೆ. ಹಿಂದು-ಮುಂದಿನ ಸನ್ನೆ ನಡುವಿಗೆ ಬಂದರೆ ಎಂಜಿನ್ನಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ದೋಸೆಗೆ ಕೈ ಹಾಕಿದಾಗೆಲ್ಲ ಗಾಡಿ ನಿಲ್ಲುತ್ತಿತ್ತು. ಮೇಷ್ಟ್ರು ಇದನ್ನು ದೋಸೆಗಾದ ಅವಮಾನ ಎಂದು ತಿಳಿದರು.

ಎರಡನೆಯದು ಆಟದ ಕಾರುಗಳಿಗೆ ಬರುವ ಪಿಸ್ತೂಲಿನ ಆಕಾರದ್ದು. ಒಂದೇ ಕೈ ಸಾಕು ಎಂದು ಆಸೆಪಟ್ಟೆವು. ಆದರೆ ಟ್ರಿಗರಿಗೂ ಸ್ಪ್ರಿಂಗು, ಪಕ್ಕದ ಚಕ್ರಕ್ಕೂ ಸ್ಪ್ರಿಂಗು. ಅದಿರಲಿ, ಅದರ ಸ್ವಭಾವವೇ ಉಗಿಗೆ ಹೊಂದುವುದಿಲ್ಲ. ಕಾರಿಗೆ ಒತ್ತಿದ ತಕ್ಷಣ ಓಡುವ ಅಭ್ಯಾಸ. ಉಗಿ ಹಾಗಲ್ಲ. ರೆಗ್ಯುಲೇಟರ್ ತೆರೆದರೆ ಮೊದಲು ಏನೂ ಆಗುವುದಿಲ್ಲ. ಉಗಿ ತಣ್ಣಗಿನ ಸಿಲಿಂಡರಿಗೆ ಹೋಗಿ ನೀರಾಗುತ್ತದೆ. ಆ ನೀರು ಎಣ್ಣೆಯ ಜತೆ ಸೇರಿ ಗೊರಗೊರ ಎಂದು ಚಿಮಣಿಗೆ ಏರಿ, ಬಗ್ಗಿ ನೋಡುತ್ತಿರುವವರ ಮುಖಕ್ಕೆ ಎರಚುತ್ತದೆ. ಆಮೇಲೆ ಚಕ್ರ ಒಂದು ಸುತ್ತು, ಒಂದು ನಿಟ್ಟುಸಿರು, ಇನ್ನೊಂದು ಸುತ್ತು. ಈ ನಡುವೆ ಟ್ರಿಗರ್ ಹಿಡಿದವನು ತಾಳ್ಮೆಗೆಟ್ಟು ಪೂರ್ತಿ ಒತ್ತಿದನೋ, ಗಾಡಿ ಒಂದೇ ನೆಗೆತಕ್ಕೆ ತಿರುವಿನಲ್ಲಿ ಮಗ್ಗುಲಾಗುತ್ತದೆ. ಪಿಸ್ತೂಲು ಈಗ ಮೇಷ್ಟ್ರ ಮೊಮ್ಮಗನ ವಶದಲ್ಲಿದೆ. ಸೆಲ್ ಇಲ್ಲದೆಯೂ ಚೆನ್ನಾಗಿ ಗುಂಡು ಹೊಡೆಯುತ್ತದೆ.

ಗೂಡಿನ ಸಾಹುಕಾರರು ಅಟ್ಟದಿಂದ ಒಂದು ಪುರಾತನ ರಿಮೋಟ್ ಇಳಿಸಿ ತಂದಿದ್ದರು. 27 ಮೆಗಾಹರ್ಟ್ಸಿನದು, ಎಳೆದಷ್ಟೂ ಬೆಳೆಯುವ ಏರಿಯಲ್ಲು. ಮಾವಿನ ಕೊಂಬೆಗೆ ಸಿಕ್ಕಿಕೊಂಡದ್ದೇ ಅದರ ಸಾಧನೆ. ಈಗಿನವು 2.4 ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತವೆ. 2005ರಿಂದ ನಮ್ಮ ದೇಶದಲ್ಲಿ ಅದಕ್ಕೆ ಲೈಸೆನ್ಸೂ ಬೇಡ. ಎಂಜಿನ್‌ನೊಳಗಿನ ರಿಸೀವರಿಗೆ ಮೂರು ಸೆಂಟಿಮೀಟರ್ ತಂತಿ ಸಾಕು. ಅದನ್ನು ತಗಡಿನ ಒಳಗೆ ಮುಚ್ಚಿಡಬಾರದು, ಬಾಯ್ಲರಿಗೆ ತಾಗಿಸಬಾರದು, ಅಷ್ಟೆ.

ಕೊನೆಗೆ ಭಾವಮೈದ ಮುಂದಿನ ಸಲ ಬಂದಾಗ ತಂದದ್ದು ಡೆಲ್ಟಾಂಗ್ ಎಂಬ ಇಂಗ್ಲಿಷ್ ಪುಟ್ಟ ಕಂಪನಿಯದು, ಯಾರೋ ಬಳಸಿದ್ದು. ಸಾಬೂನಿನ ಡಬ್ಬಿಯಷ್ಟು ದೊಡ್ಡದು. ಕಡ್ಡಿ ಇಲ್ಲ, ಟ್ರಿಗರ್ ಇಲ್ಲ. ಹಳೆಯ ರೇಡಿಯೋದಲ್ಲಿ ಧಾರವಾಡ ಹಿಡಿಯಲು ತಿರುಗಿಸುತ್ತಿದ್ದೆವಲ್ಲ, ಅಂಥ ಗುಂಡಿ. ತಿರುಗಿಸಿ ಬಿಟ್ಟರೆ ಬಿಟ್ಟಲ್ಲೇ ಇರುತ್ತದೆ. ಕೂದಲೆಳೆಯಷ್ಟು ತಿರುಗಿಸಿದರೆ ಕೂದಲೆಳೆಯಷ್ಟೇ ಉಗಿ. ಎಡಗೈಯ ಹೆಬ್ಬೆರಳೊಂದರಲ್ಲೇ ಕೆಲಸ ಮುಗಿಯುತ್ತದೆ. ಬಲಗೈ ದೋಸೆಗೆ ಬಿಡುವು. ಮೇಷ್ಟ್ರು ಅದನ್ನು ಹಿಡಿದು ಮೂರು ದೋಸೆ ಮುಗಿಸಿ, ಚಟ್ನಿ ಹಾಕಿಸಿಕೊಳ್ಳುತ್ತಲೇ ಗಾಡಿಯನ್ನು ಸ್ಟೇಷನ್ನಿಗೆ ತಂದು ನಿಲ್ಲಿಸಿದರು.

ಪುಟ್ಟದಾದ್ದರಿಂದ ಆಗುವ ತೊಂದರೆ ಗೊತ್ತಾದದ್ದು ಶ್ರೀನಿವಾಸಪುರದಲ್ಲಿ. ತೋಟದ ಯಜಮಾನರು ಪಂಚೆಯವರು. ಪಂಚೆಗೆ ಜೇಬಿಲ್ಲ. ಉಗಿ ಏರಿ ಸಿದ್ಧವಾಗಿದ್ದ ಹೊತ್ತಿನಲ್ಲಿ ಬೆಂಗಳೂರಿನ ಮಂಡಿಯಿಂದ ಫೋನ್ ಬಂತು. ಅವರು ರಿಮೋಟನ್ನು ಎಲೆಯಡಿಕೆ ಚೀಲದ ಪಕ್ಕದಲ್ಲೇ ಸೊಂಟಕ್ಕೆ ಸಿಕ್ಕಿಸಿ, “ಎಷ್ಟಂತೆ ರೇಟು?” ಎನ್ನುತ್ತಾ ಕಟ್ಟೆಯ ಮೇಲೆ ಕೂತರು. ಕೂತದ್ದೇ ತಡ, ಹೊಟ್ಟೆಯ ಮಡಿಕೆ ಗುಂಡಿಯನ್ನು ತಿರುಗಿಸಿತು. ಗಾಡಿ ಹೊರಟಿತು. ಅವರು ರೇಟು ಕೇಳಿ ಸಿಟ್ಟಿಗೆದ್ದು ಅಲುಗಾಡಿದಂತೆಲ್ಲ ಅದರ ವೇಗ ಏರುತ್ತಿತ್ತು. ಕಡೆಗೆ “ಆ ರೇಟಿಗೆ ಕೊಡಲ್ಲ” ಎಂದು ಎದ್ದು ನಿಂತಾಗ ಗಾಡಿಯೂ ನಿಂತಿತು. ನೆರೆದಿದ್ದ ಕೂಲಿಯವರು ಇದು ಮಾತು ಕೇಳುವ ಎಂಜಿನ್ ಎಂದೇ ನಂಬಿದ್ದಾರೆ.

ನಗುವ ವಿಷಯವಲ್ಲದ್ದೂ ಒಂದಿದೆ. ಕರೆಂಟಿನ ಆಟಿಕೆ ಸ್ವಿಚ್ಚು ಆರಿಸಿದರೆ ನಿಲ್ಲುತ್ತದೆ. ಉಗಿಗೆ ಸ್ವಿಚ್ಚಿಲ್ಲ. ರಿಮೋಟಿನ ಸೆಲ್ ಸತ್ತರೆ ಕೆಲವು ರಿಸೀವರುಗಳು ಸರ್ವೋವನ್ನು ಇದ್ದಲ್ಲೇ ಬಿಡುತ್ತವೆ. ತೆರೆದ ರೆಗ್ಯುಲೇಟರ್ ತೆರೆದೇ ಇರುತ್ತದೆ, ಬಾಯ್ಲರಿನಲ್ಲಿ ಉಗಿ ಇರುವ ತನಕ ಬಂಡಿ ಯಾರಪ್ಪನ ಮಾತೂ ಕೇಳುವುದಿಲ್ಲ. ಆದ್ದರಿಂದ ಸಂಕೇತ ತಪ್ಪಿದ ಕ್ಷಣ ರೆಗ್ಯುಲೇಟರ್ ಮುಚ್ಚಿಬಿಡು ಎಂದು ರಿಸೀವರಿಗೆ ಮೊದಲೇ ಕಲಿಸಿಡಬೇಕು. ಫೇಲ್‌ಸೇಫ್ ಎನ್ನುತ್ತಾರೆ. ಅದಿಲ್ಲದ್ದನ್ನು ಬಿಟ್ಟಿ ಕೊಟ್ಟರೂ ತೆಗೆದುಕೊಳ್ಳಬೇಡಿ.

ನನ್ನ ಮನೆಯವಳು ಈ ಸಂಶೋಧನೆಗೆ ಕೊಟ್ಟ ಕಾಣಿಕೆ ಒಂದು ಪ್ಲಾಸ್ಟಿಕ್ ಕವರು ಮತ್ತು ರಬ್ಬರ್ ಬ್ಯಾಂಡು. “ಟೀವಿದಕ್ಕೆ ಹಾಕಿರೋದು ಸುಮ್ಮನೇನಾ? ಆ ಧೂಳಲ್ಲಿ, ಬೆಣ್ಣೆ ಕೈಯಲ್ಲಿ ಇದೆಷ್ಟು ದಿನ ಬಾಳುತ್ರೀ?” ಎಂದು ತಾನೇ ಸುತ್ತಿಕೊಟ್ಟಳು. ಬೆಣ್ಣೆಗೂ ಧೂಳಿಗೂ ತಡೆಯಾಯಿತು. ರಬ್ಬರ್ ಬ್ಯಾಂಡ್ ಗುಂಡಿಗೆ ಬಿಗಿಯಾಗಿ ಕೂತದ್ದರಿಂದ ಯಜಮಾನರ ಹೊಟ್ಟೆಗೂ ತಡೆಯಾಯಿತು.

ಕಷ್ಟವೆಂದರೆ ಡೆಲ್ಟಾಂಗಿನವರು ಈಗ ತಯಾರಿಕೆ ನಿಲ್ಲಿಸಿದ್ದಾರೆ, ಮಾಲೂರಿನ ಸಾಹುಕಾರರು ಇನ್ನೊಂದು ಎಂಜಿನ್ ತರಿಸುತ್ತಿದ್ದಾರೆ. ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಹುಡುಗರು ಡ್ರೋನನ್ನು ತೆಂಗಿನ ಮರಕ್ಕೆ ಹೊಡೆದು ಮುಗಿಸಿದ್ದರೆ, ಅದರ ರಿಮೋಟನ್ನೂ ರಿಸೀವರನ್ನೂ ಗುಜರಿಗೆ ಹಾಕಬೇಡಿ. ಹಿಂಬದಿಯ ಸ್ಕ್ರೂ ಬಿಚ್ಚಿ ಸ್ಪ್ರಿಂಗ್ ಕೀಳುವ ಕೆಲಸ ನಾವು ಮಾಡಿಕೊಳ್ಳುತ್ತೇವೆ. ಭಾನುವಾರ ಬೆಳಿಗ್ಗೆ ಮುಳಬಾಗಿಲಿಗೆ ತಂದುಕೊಟ್ಟರೆ ಇನ್ನೂ ಅನುಕೂಲ. ತರುವಾಗ ಹಳೆಯ ಸೆಲ್ಲುಗಳನ್ನು ತೆಗೆದಿಟ್ಟು ತನ್ನಿ. ಸೋರಿದರೆ ಒಳಗಿನ ತಗಡೆಲ್ಲ ಹಸಿರುಗಟ್ಟಿ ಹೋಗುತ್ತದೆ.