ಬಿಡಿಸುವ ಬಂಧಿ, ಬಿಟ್ಟುಬಿಡುವ ಬಂಧಿ

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬಟ್ನರ್ ಎಂಬ ಊರಿದೆ. ಅಲ್ಲಿನ ಫೆಡರಲ್ ಜೈಲಿನಲ್ಲಿ 2009ರಿಂದ 2015ರವರೆಗೆ ಇಬ್ಬರು ಹೆಸರುವಾಸಿ ಯಹೂದಿಗಳು ಒಂದೇ ಕಾಲಕ್ಕೆ ಸರ್ಕಾರದ ಊಟ ಉಣ್ಣುತ್ತಿದ್ದರು. ಒಬ್ಬ ಜೊನಾಥನ್ ಪೊಲಾರ್ಡ್. ಅಮೆರಿಕದ ನೌಕಾಪಡೆಯ ಗುಪ್ತಚರ ಇಲಾಖೆಯಲ್ಲಿ ಸಂಬಳ ತೆಗೆದುಕೊಂಡು ಇಸ್ರೇಲಿಗೆ ಕಡತ ಸಾಗಿಸಿದವನು, ಜೀವಾವಧಿ ಕೈದಿ. ಇನ್ನೊಬ್ಬ ಬರ್ನಾರ್ಡ್ ಮೇಡಾಫ್. ಹಳೆಯ ಹೂಡಿಕೆದಾರನಿಗೆ ಹೊಸ ಹೂಡಿಕೆದಾರನ ದುಡ್ಡನ್ನೇ ಲಾಭವೆಂದು ಹಂಚಿದವನು, 150 ವರ್ಷದ ಕೈದಿ. ಮೊದಲನೆಯವನನ್ನು ಬಿಡಿಸಲು ಇಸ್ರೇಲಿನ ಪ್ರಧಾನಿಗಳು ಶ್ವೇತಭವನದ ಬಾಗಿಲು ತಟ್ಟಿದರು. ಎರಡನೆಯವನನ್ನು ಒಂಟಿ ಕೋಣೆಗೆ ಹಾಕಿ, ಅವನಿಂದ ಮನೆ ಹಾಳಾದವರ ಮುಖಗಳನ್ನು ಪರದೆಯ ಮೇಲೆ ಹಗಲೂ ರಾತ್ರಿ ತೋರಿಸುತ್ತಿರಬೇಕು ಎಂದವರು ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಎಲೀ ವೀಸೆಲ್. ಅವರ ಪ್ರತಿಷ್ಠಾನದ 1.52 ಕೋಟಿ ಡಾಲರ್ ಮೇಡಾಫ್‌ನ ಹೊಟ್ಟೆ ಸೇರಿತ್ತು ಎಂಬುದನ್ನೂ ಜೊತೆಗಿಟ್ಟು ಓದಿಕೊಳ್ಳಬೇಕು.

ಸೆರೆ ಸಿಕ್ಕವರನ್ನು ಬಿಡಿಸುವುದು ಯಹೂದಿ ಧರ್ಮದಲ್ಲಿ ದೊಡ್ಡ ಪುಣ್ಯ. ಪಿದ್ಯೋನ್ ಶ್ವುಯಿಮ್ ಎನ್ನುತ್ತಾರೆ. ಈ ಪುಣ್ಯಕ್ಕೆ ಕಣ್ಣೀರಿನ ಹಿನ್ನೆಲೆಯಿದೆ. 12ನೇ ಶತಮಾನದಲ್ಲಿ ಕ್ರುಸೇಡ್ ಸೈನಿಕರು ಈಜಿಪ್ಟಿನ ಬಿಲ್ಬೈಸ್ ಪಟ್ಟಣವನ್ನು ಸೂರೆ ಹೊಡೆದು ಯಹೂದಿಗಳನ್ನು ಹಿಡಿದೊಯ್ದಾಗ, ಪಂಡಿತ ಮೈಮೊನಿಡೀಸ್ ಊರೂರಿಗೆ ಕಾಗದ ಬರೆದು ಚಂದಾ ಎತ್ತಿಸಿದರು. ಆದರೆ ಶಾಸ್ತ್ರ ಬರೆದವರು ಲೋಕ ಕಂಡವರು. ಬಂಧಿಯ ಬೆಲೆಗಿಂತ ಹೆಚ್ಚು ಕೊಟ್ಟು ಬಿಡಿಸಬೇಡಿ, ಹಿಡಿಯುವವರಿಗೆ ಅದೇ ಕಸುಬಾದೀತು ಎಂದು ಮಿಶ್ನಾದಲ್ಲಿ ಕಟ್ಟು ಹಾಕಿದರು. 1286ರಲ್ಲಿ ಜರ್ಮನಿಯ ದೊರೆ ರುಡಾಲ್ಫ್, ರೊಥೆನ್‌ಬರ್ಗಿನ ರಬ್ಬಿ ಮೇಯರ್ ಅವರನ್ನು ಸೆರೆಗೆ ಹಾಕಿದ. ಜನ ಹಣ ಕೂಡಿಸಲು ಹೊರಟರೆ ರಬ್ಬಿಯೇ ಬೇಡವೆಂದರು ಎನ್ನುತ್ತದೆ ಪರಂಪರೆ. ಸೆರೆಯಲ್ಲೇ 1293ರಲ್ಲಿ ತೀರಿಕೊಂಡರು. ಹೆಣಕ್ಕೂ ಬೆಲೆ ಕಟ್ಟಿದ್ದರಿಂದ ಮಣ್ಣಾಗಲು ಮತ್ತೆ 14 ವರ್ಷ ಹಿಡಿಯಿತು.

ಅಷ್ಟು ಬಿಗಿಯಾದ ಮನುಷ್ಯನ ಪರಂಪರೆ ಅಯೊವಾ ರಾಜ್ಯದ ಪೋಸ್ಟ್‌ವಿಲ್‌ಗೆ ಬರುವಷ್ಟರಲ್ಲಿ ಸಾಕಷ್ಟು ಸಡಿಲವಾಗಿತ್ತು. ಅಲ್ಲಿ ಶೋಲೊಮ್ ರುಬಾಶ್ಕಿನ್ ಕುಟುಂಬದ ಅಗ್ರಿಪ್ರೊಸೆಸರ್ಸ್ ಇತ್ತು, ಯಹೂದಿ ಶಾಸ್ತ್ರದಂತೆ ಕೊಯ್ಯುವ, ಅಂದರೆ ಕೋಷರ್, ಕಸಾಯಿಖಾನೆಗಳಲ್ಲಿ ಆಗ ದೇಶಕ್ಕೇ ದೊಡ್ಡದು. 2008ರ ಮೇ 12ರಂದು ವಲಸೆ ಅಧಿಕಾರಿಗಳು ದಾಳಿಯಿಟ್ಟು 389 ಕೆಲಸಗಾರರನ್ನು ಹಿಡಿದರು, ಬಹುಪಾಲು ಗ್ವಾಟೆಮಾಲಾದವರು. ಆಮೇಲೆ ಲೆಕ್ಕದ ಪುಸ್ತಕ ಬಿಚ್ಚಿದಾಗ ಸುಳ್ಳು ಬಿಲ್ ತೋರಿಸಿ ಬ್ಯಾಂಕಿಗೆ ನಾಮ ಹಾಕಿದ್ದು ಬಯಲಾಯಿತು. ನಷ್ಟ 2.6 ಕೋಟಿ ಡಾಲರ್‌ಗೂ ಮಿಗಿಲು. ಸರ್ಕಾರಿ ವಕೀಲರು 25 ವರ್ಷ ಕೇಳಿದರು. ನ್ಯಾಯಾಧೀಶೆ ಲಿಂಡಾ ರೀಡ್ 2010ರಲ್ಲಿ ಕೈ ಬಿಚ್ಚಿ ರುಬಾಶ್ಕಿನ್‌ಗೆ 27 ವರ್ಷ ಕೊಟ್ಟರು. ಎನ್ರಾನ್ ಕಂಪನಿಯನ್ನೇ ಮುಳುಗಿಸಿದ ಜೆಫ್ರಿ ಸ್ಕಿಲ್ಲಿಂಗ್‌ಗೆ ಮೊದಲು ಬಿದ್ದದ್ದು 24 ವರ್ಷ. ದಾಳಿಯ ತಯಾರಿಯ ಸಭೆಗಳಲ್ಲಿ ನ್ಯಾಯಾಧೀಶೆಯೇ ಕೂತಿದ್ದರು ಎಂಬ ದಾಖಲೆಯೂ ಹೊರಬಂತು. ಶಿಕ್ಷೆ ಅತಿಯಾಯಿತು ಎಂದವರು ಯಹೂದಿಗಳಷ್ಟೇ ಅಲ್ಲ, ಹಿಂದಿನ ಅಟಾರ್ನಿ ಜನರಲ್‌ಗಳೂ ಹಾಗೇ ಬರೆದರು. ಅತಿಯಾದದ್ದು ನಿಜ. ಅದನ್ನು ಅಲ್ಲಗಳೆದರೆ ನಾಲಿಗೆ ಬಿದ್ದೀತು.

ಆದರೆ ಅತಿಯಾದ ಶಿಕ್ಷೆ ಬಿದ್ದವನು ಅಷ್ಟಕ್ಕೇ ನಿಲ್ಲಲಿಲ್ಲ, ಸಂತನಾದ. ನಾವು ಗೋತ್ರ ನಕ್ಷತ್ರ ಹೇಳಿ ಅರ್ಚನೆ ಮಾಡಿಸುವ ಹಾಗೆ, ಅವನ ತಾಯಿಯ ಹೆಸರು ಸೇರಿಸಿ ಸಿನಗಾಗುಗಳಲ್ಲಿ ಪ್ರಾರ್ಥನೆ ನಡೆಯಿತು. ಹಾಡು ಬಂತು, ವಿಡಿಯೋ ಬಂತು, ವಕೀಲರ ಫೀಸಿಗೆ ಚಂದಾ ಬಂತು. 2017ರ ಡಿಸೆಂಬರ್ 20, ಹನುಕ್ಕಾ ಹಬ್ಬದ ಎಂಟನೆಯ ದಿನ, ಟ್ರಂಪ್ ಶಿಕ್ಷೆ ಕಡಿತ ಮಾಡಿದರು. ಬ್ರೂಕ್ಲಿನ್‌ನ ಬೀದಿಗಳಲ್ಲಿ ಕಪ್ಪು ಟೋಪಿಗಳು ರಾತ್ರಿಯಿಡೀ ಕುಣಿದವು. ಜಾಮೀನಿನ ಮೇಲೆ ಹೊರಬಂದವನಿಗೆ ಕ್ರೇನಿನಲ್ಲಿ ಸೇಬಿನ ಹಾರ ಎತ್ತುವ ನಾಡಿನವನಾಗಿ ನಾನು ಈ ಕುಣಿತಕ್ಕೆ ಮೂಗು ಮುರಿಯುವಂತಿಲ್ಲ. ಒಂದು ಸಣ್ಣ ವಿಷಯ ಮಾತ್ರ ಆ ಗದ್ದಲದಲ್ಲಿ ಯಾರ ಕಿವಿಗೂ ಬಿದ್ದಂತಿಲ್ಲ. ಟ್ರಂಪ್ ಅಪರಾಧವನ್ನು ಅಳಿಸಿರಲಿಲ್ಲ. ಬ್ಯಾಂಕಿನ ಬಾಕಿ ಹಾಗೇ ಉಳಿದಿತ್ತು.

ಇನ್ನು ಆ 389 ಜನ? ಅವರಲ್ಲಿ ಹೆಚ್ಚಿನವರನ್ನು ವಾಟರ್ಲೂ ಪಟ್ಟಣಕ್ಕೆ ಒಯ್ದು, ದನಗಳ ಪ್ರದರ್ಶನದ ಮೈದಾನದಲ್ಲಿ ತಾತ್ಕಾಲಿಕ ಕೋರ್ಟು ಹಾಕಿ, ಕೈಕಾಲಿಗೆ ಸರಪಳಿ ಬಿಗಿದು, ಹತ್ತು ಹತ್ತು ಜನರ ಗುಂಪು ಮಾಡಿ ನಿಲ್ಲಿಸಿದರು. ಅಲ್ಲಿ ದುಭಾಷಿಯಾಗಿದ್ದ ಎರಿಕ್ ಕಮಾಯ್ಡ್ ಫ್ರೈಕ್ಸಾಸ್ ಎಂಬ ಸ್ಪ್ಯಾನಿಷ್ ಪ್ರಾಧ್ಯಾಪಕರು ನೋಡಲಾರದೆ ಲೋಕಕ್ಕೆ ತಿಳಿಯುವಂತೆ ಬರೆದುಬಿಟ್ಟರು. ಬಹುಪಾಲು ಜನರಿಗೆ 5 ತಿಂಗಳ ಜೈಲು, ನಂತರ ಗಡೀಪಾರು. ಕೋಳಿ ಕತ್ತರಿಸಿ ಕೈ ಸವೆಸಿಕೊಂಡವರು ಬಂಧಿಗಳ ಪಟ್ಟಿಗೆ ಸೇರಲಿಲ್ಲ. ಎಲ್ಲರೂ ಕಣ್ಣು ಮುಚ್ಚಿದರು ಎಂದರೆ ಸುಳ್ಳಾಗುತ್ತದೆ. ಊರಿ ಲತ್ಸೆದೆಕ್ ಎಂಬ ಆರ್ಥಡಾಕ್ಸ್ ತರುಣರ ಗುಂಪು ಅದೇ 2008ರಲ್ಲಿ ಕಂಪನಿಯ ಮಾಂಸವನ್ನು ಬಹಿಷ್ಕರಿಸಿತು. ಮಿನ್ನೆಸೋಟಾದ ರಬ್ಬಿ ಮಾರಿಸ್ ಅಲೆನ್, ಕೊಯ್ದ ಕತ್ತಿ ಶುದ್ಧವಿದ್ದರೆ ಸಾಲದು, ಕೊಯ್ದವನ ಕೂಲಿಯೂ ಶುದ್ಧವಿರಬೇಕು ಎಂದು ವಾದಿಸುತ್ತಲೇ ಇದ್ದರು. ಅವರ ವಾದಕ್ಕೆ ಯಾರೂ ಬೀದಿಯಲ್ಲಿ ಕುಣಿಯಲಿಲ್ಲ.

ಶಿಕ್ಷೆ ಕಠೋರವಾದರೆ ಸಮುದಾಯದ ಕರುಳು ಮಿಡಿಯುತ್ತದೆ ಎಂದುಕೊಂಡಿದ್ದೀರಾ? ಹಾಗಾದರೆ ನ್ಯೂಯಾರ್ಕಿನ ಸಿಂಗ್ ಸಿಂಗ್ ಜೈಲಿಗೆ ಬನ್ನಿ. 1953ರ ಜೂನ್ 19, ಶುಕ್ರವಾರ. ಅಣುಬಾಂಬಿನ ಗುಟ್ಟನ್ನು ರಷ್ಯಾಕ್ಕೆ ಕೊಡುವ ಒಳಸಂಚಿನ ಮೇಲೆ ಜೂಲಿಯಸ್ ಮತ್ತು ಎಥೆಲ್ ರೋಸೆನ್‌ಬರ್ಗ್ ದಂಪತಿಗೆ ವಿದ್ಯುತ್ ಕುರ್ಚಿ. ಶಿಕ್ಷೆ ಕೊಟ್ಟ ನ್ಯಾಯಾಧೀಶ ಇರ್ವಿಂಗ್ ಕೌಫ್‌ಮನ್ ಯಹೂದಿ. ವಾದಿಸಿದ ಇರ್ವಿಂಗ್ ಸೇಪಾಲ್, ರಾಯ್ ಕೋನ್ ಯಹೂದಿಗಳು. ಕ್ಷಮಾದಾನ ಕೇಳಿ ಪ್ಯಾರಿಸ್ಸಿನಲ್ಲಿ ಮೆರವಣಿಗೆ ನಡೆಯುತ್ತಿದ್ದರೆ, ಅಮೆರಿಕನ್ ಜ್ಯೂಯಿಶ್ ಕಮಿಟಿಯಂಥ ದೊಡ್ಡ ಸಂಸ್ಥೆಗಳು ಅದು ಕಮ್ಯುನಿಸ್ಟರ ನಾಟಕವೆಂದು ಕೈತೊಳೆದುಕೊಂಡವು. ಯಹೂದಿ ಎಂದರೆ ಕೆಂಪು ಬಾವುಟದವನು ಎಂದು ನೆರೆಮನೆಯವನು ಅಂದುಕೊಂಡುಬಿಟ್ಟರೆ? ಆ ಭಯ ಸುಳ್ಳಿನದಲ್ಲ. ಮೆಕಾರ್ಥಿಯ ಕಾಲ, ಹಿಟ್ಲರ್ ಸತ್ತು ಎಂಟೇ ವರ್ಷ. ಗಂಡ ಹೆಂಡತಿಯನ್ನು ರಾತ್ರಿ ಹನ್ನೊಂದಕ್ಕೆ ಕೊಲ್ಲುವುದೆಂದು ನಿಶ್ಚಯವಾಗಿತ್ತು. ಅಷ್ಟು ಹೊತ್ತಿಗೆ ಸಬ್ಬತ್ ಶುರುವಾಗಿರುತ್ತದೆ, ಪವಿತ್ರ ದಿನ ಕೆಡುತ್ತದೆ ಎಂದು ವಕೀಲರು ಗೋಗರೆದರು, ಒಂದು ದಿನವಾದರೂ ಸಿಕ್ಕೀತೆಂದು. ಸರ್ಕಾರ ಧರ್ಮಭೀರುವಾಗಿತ್ತು. ಸಬ್ಬತ್ತಿಗೆ ಭಂಗ ಬರಬಾರದೆಂದು ಸೂರ್ಯ ಮುಳುಗುವ ಮುಂಚೆಯೇ ಇಬ್ಬರನ್ನೂ ಮುಗಿಸಿತು.

ಪೊಲಾರ್ಡ್‌ನದೂ ಮೊದಲಿಗೆ ಇದೇ ಪಾಡು. 1985ರ ನವೆಂಬರ್‌ನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಕಾರು ಓಡಿಸಿ ವಾಷಿಂಗ್ಟನ್ನಿನ ಇಸ್ರೇಲಿ ರಾಯಭಾರ ಕಚೇರಿಯ ಗೇಟು ದಾಟಿದ. ಒಳಗಿದ್ದವರು ಹೊರಗೆ ಹೋಗೆಂದರು. ಹೊರಗೆ ಎಫ್‌ಬಿಐ ಕಾದಿತ್ತು. ಎರಡು ದೇಶಕ್ಕೆ ನಿಷ್ಠೆ ಎಂಬ ಹಳೆಯ ಆಪಾದನೆ ಮತ್ತೆ ತಲೆಗೆ ಬರುತ್ತದೆಂದು ಅಮೆರಿಕದ ಯಹೂದಿ ಮುಖಂಡರು ಅವನ ಹೆಸರೆತ್ತಲಿಲ್ಲ. ವರ್ಷಗಳು ಉರುಳಿದವು, ಭಯ ಕರಗಿತು, ಗೂಢಚಾರ ಬಿಡಿಸಬೇಕಾದ ಬಂಧಿಯಾದ. 2020ರ ಕೊನೆಯಲ್ಲಿ ಜೂಜಿನ ದೊರೆ ಶೆಲ್ಡನ್ ಅಡೆಲ್ಸನ್ನರ ಖಾಸಗಿ ವಿಮಾನದಲ್ಲಿ ಇಸ್ರೇಲಿಗೆ ಇಳಿದಾಗ, ಅಂದು ಗೇಟಿನಾಚೆ ನೂಕಿದ ದೇಶದ ಪ್ರಧಾನಿ ನೆತನ್ಯಾಹು ನಿಲ್ದಾಣದಲ್ಲಿ ಗುರುತಿನ ಚೀಟಿ ಹಿಡಿದು ನಿಂತಿದ್ದರು.

ಅಂದರೆ ಜೈಲಿನ ವರ್ಷ ಎಣಿಸಿ ಪ್ರಯೋಜನವಿಲ್ಲ. ಎಣಿಸಬೇಕಾದ್ದು ಎರಡು: ನೆರೆಯವರ ಭಯ ಎಷ್ಟಿದೆ, ಮುಳುಗಿದ ದುಡ್ಡು ಯಾರದು. ರುಬಾಶ್ಕಿನ್ ಮುಳುಗಿಸಿದ್ದು ಬ್ಯಾಂಕಿನದು. ಬ್ಯಾಂಕು ಸಿನಗಾಗಿಗೆ ಬರುವುದಿಲ್ಲ. ನ್ಯೂ ಸ್ಕ್ವೇರ್ ಎಂಬ, ಕಟ್ಟಾ ಸಂಪ್ರದಾಯದ ಹಸೀದಿ ಯಹೂದಿಗಳ ಊರಿನ ನಾಲ್ವರು ಬೋಗಸ್ ಶಾಲೆ ತೋರಿಸಿ ನುಂಗಿದ್ದು ಸರ್ಕಾರದ ವಿದ್ಯಾರ್ಥಿ ವೇತನ. ಆ ಊರು 2000ದ ಸೆನೆಟ್ ಚುನಾವಣೆಯಲ್ಲಿ ಹೆಚ್ಚುಕಡಿಮೆ ಒಂದಾಗಿ ಹಿಲರಿ ಕ್ಲಿಂಟನ್‌ಗೆ ಮತ ಹಾಕಿತು. 2001ರ ಜನವರಿಯಲ್ಲಿ ಅಧ್ಯಕ್ಷರಾಗಿದ್ದ ಅವರ ಯಜಮಾನರು ನಾಲ್ವರ ಶಿಕ್ಷೆ ತಗ್ಗಿಸಿದರು. ತನಿಖೆಯೂ ನಡೆಯಿತು, ಯಾರ ಮೇಲೂ ಕೇಸು ಬೀಳಲಿಲ್ಲ. ಮೇಡಾಫ್ ಮಾತ್ರ ಎಡವಟ್ಟು ಮಾಡಿಕೊಂಡ. ತಾನೇ ಖಜಾಂಚಿಯಾಗಿದ್ದ ಯೆಶಿವಾ ವಿಶ್ವವಿದ್ಯಾಲಯ, ಮಹಿಳೆಯರ ಹದಾಸ್ಸಾ ಸಂಸ್ಥೆ, ಊರಿನ ಧರ್ಮಛತ್ರಗಳು, ಎಲ್ಲದರ ಗಂಟಿಗೂ ಕೈ ಹಾಕಿದ. ಮೂತ್ರಪಿಂಡ ಕೆಟ್ಟು ಮನೆಗೆ ಕಳಿಸಿ ಎಂದು 2020ರಲ್ಲಿ ಅರ್ಜಿ ಹಾಕಿದಾಗ, ತಾಯಿಯ ಹೆಸರು ಕೇಳಿಕೊಂಡು ಬಂದವರಿಲ್ಲ. ಮರುವರ್ಷ ಜೈಲಿನ ಲೆಕ್ಕದಲ್ಲೇ ಸತ್ತ.

ಈ ಸೂತ್ರಕ್ಕೂ ಒಂದು ಅಪವಾದವಿದೆ: ನ್ಯೂಜೆರ್ಸಿಯ ಲೇಕ್‌ವುಡ್ಡಿನ ಎಲಿಯಾಹು ವೈನ್‌ಸ್ಟೈನ್. ತನ್ನ ಆರ್ಥಡಾಕ್ಸ್ ಬಳಗಕ್ಕೇ ಟೋಪಿ ಹಾಕಿ 24 ವರ್ಷ ಹೊತ್ತವನು. ಆದರೂ ಪರವಾಗಿ ಪತ್ರಗಳು ಹೋದವು, ಏಳು ಮಕ್ಕಳ ತಂದೆ ಎಂದು ಶ್ವೇತಭವನ ಕನಿಕರಿಸಿತು, 2021ರ ಜನವರಿಯಲ್ಲಿ ಟ್ರಂಪ್ ಬಿಟ್ಟರು. ಹೊರಬಂದವನು ಮೈಕ್ ಕೋನಿಗ್ ಎಂದು ಹೆಸರಿಟ್ಟುಕೊಂಡ. ಹಳೆಯ ಹೆಸರು ಕೇಳಿದರೆ ಯಾರೂ ದುಡ್ಡು ಬಿಚ್ಚುತ್ತಿರಲಿಲ್ಲವಲ್ಲ. ಕೋವಿಡ್ ಮಾಸ್ಕು, ಹಸುಗೂಸಿನ ಹಾಲಿನ ಪುಡಿ, ಉಕ್ರೇನಿಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಂದು ಹೇಳಿ ಮತ್ತೆ ಅದೇ ಆಟ. 2025ರಲ್ಲಿ 37 ವರ್ಷ ಬಿತ್ತು, ಹೋದ ಸಲಕ್ಕಿಂತ 13 ಹೆಚ್ಚು. ಈ ಸಲದ ಪ್ರಾರ್ಥನೆ ಯಾವ ಹೆಸರಿಗೆ? ಎಲಿಯಾಹುವಿಗೋ, ಮೈಕಿಗೋ?