ಹದಿನಾರು ಪಿನ್ನಿನ ಜಾತಕ

ಪೆಟ್ರೋಲ್ ಕಾರು ಕೊಂಡವನನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ: "ಎಷ್ಟು ಕೊಡುತ್ತೆ?" ಅವನು ಇದ್ದದ್ದಕ್ಕಿಂತ ಎರಡು ಕಿಲೋಮೀಟರ್ ಸೇರಿಸಿ ಹೇಳುತ್ತಾನೆ, ನಾವು ನಾಲ್ಕು ಕಳೆದು ನಂಬುತ್ತೇವೆ, ಲೆಕ್ಕ ಚುಕ್ತಾ. ಎಲೆಕ್ಟ್ರಿಕ್ ಕಾರಿನವನ ಹತ್ತಿರ ಈ ಚೌಕಾಶಿ ನಡೆಯುವುದಿಲ್ಲ. "ಎಷ್ಟು" ಅನ್ನುವಷ್ಟರಲ್ಲಿ ಅವನ ಫೋನ್ ಜೇಬಿನಿಂದ ಹೊರಗೆ ಬಂದಿರುತ್ತದೆ. "ಒಂದ್ನಿಮಿಷ ಇರಿ, ಕನೆಕ್ಟ್ ಆಗ್ತಾ ಇದೆ." ನೀವು ಕಾಫಿ ಕುಡಿದು, ಲೋಟ ತೊಳೆದಿಟ್ಟು, ಬಾಗಿಲವರೆಗೆ ಹೋದರೂ ಅದು ಕನೆಕ್ಟ್ ಆಗುತ್ತಲೇ ಇರುತ್ತದೆ. ಆದಮೇಲೆ ಸಿಗುವ ಉತ್ತರ ಕಿಲೋಮೀಟರಿನಲ್ಲಿರುವುದಿಲ್ಲ. "ಎಸ್‌ಒಎಚ್ 83.41, ಸೆಲ್ ಡೆಲ್ಟಾ 14 ಮಿಲಿವೋಲ್ಟ್" ಅನ್ನುತ್ತಾನೆ. ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗದೆ ನೀವು "ಓಹೋ" ಅನ್ನಬೇಕು.

ನನಗೆ ಈ "ಓಹೋ" ಕಲಿಸಿದವನು ಭಾವಮೈದ. ಆಕ್ಲೆಂಡಿನಲ್ಲಿದ್ದಾನೆ. ನ್ಯೂಜಿಲೆಂಡಿನಲ್ಲೂ ಜಪಾನಿನಲ್ಲೂ ಗಾಡಿ ಓಡುವುದು ರಸ್ತೆಯ ಎಡಕ್ಕೆ, ಸ್ಟಿಯರಿಂಗ್ ಇರುವುದು ಬಲಕ್ಕೆ. ಹಾಗಾಗಿ ಜಪಾನೀಯರು ಓಡಿಸಿ ಬಿಟ್ಟ ಕಾರುಗಳು ಹಡಗು ಹತ್ತಿ ಸೀದಾ ಅಲ್ಲಿಗೆ ಬರುತ್ತವೆ. ಅದರಲ್ಲಿ ನಿಸಾನ್ ಲೀಫ್ ಎಂಬ ಎಲೆಕ್ಟ್ರಿಕ್ ಕಾರುಗಳದ್ದು ದೊಡ್ಡ ಪಾಲು. 2010ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಈ ಕಾರುಗಳಲ್ಲಿ ಹಳೆಯದೊಂದನ್ನು ನಮ್ಮವನು ಕೊಂಡ. ಪರದೆಯ ಮೇಲೆ ಬರುವುದೆಲ್ಲ ಜಪಾನಿ ಅಕ್ಷರ. ಕಾರು ಏನೋ ಎಚ್ಚರಿಸುತ್ತದೆ, ಇವನು ಮರ್ಯಾದೆಗೆ ತಲೆಯಾಡಿಸುತ್ತಾನೆ. ಆದರೆ ಕೊಳ್ಳುವ ಮುಂಚೆ ಜಾತಕ ಮಾತ್ರ ತಪ್ಪದೆ ನೋಡಿಸಿದ್ದ.

ಜಾತಕ ಅಂತ ನಾನು ಸುಮ್ಮನೆ ಅನ್ನುತ್ತಿಲ್ಲ. ಲೀಫಿನ ಡ್ಯಾಶ್‌ಬೋರ್ಡಿನ ಅಂಚಿನಲ್ಲಿ ಬ್ಯಾಟರಿಯ ಕಸುವು ತೋರಿಸುವ ಪುಟ್ಟ ಪಟ್ಟಿಗಳಿವೆ, ಸರಿಯಾಗಿ ಹನ್ನೆರಡು ಮನೆ. ಮೊದಲ ಮನೆ ಖಾಲಿಯಾಗಬೇಕಾದರೆ ಬ್ಯಾಟರಿ ತನ್ನ ಶಕ್ತಿಯಲ್ಲಿ ಶೇಕಡಾ 15 ಕಳೆದುಕೊಂಡಿರಬೇಕು. ಆಮೇಲೆ ಶೇಕಡಾ 6.25ಕ್ಕೆ ಒಂದೊಂದು. ಅಂದರೆ 99 ಅಂಕದವನೂ 86 ಅಂಕದವನೂ ಹನ್ನೆರಡು ಮನೆ ತುಂಬಿಸಿಕೊಂಡು ಒಂದೇ ಠೀವಿಯಲ್ಲಿ ನಿಂತಿರುತ್ತಾರೆ. ವಧೂಪರೀಕ್ಷೆಗೆ ಇಷ್ಟು ಅನುಕೂಲ ಸಾಕಲ್ಲ? ಸಾಲದೆಂದು ಕೆಲವು ಚಾಲಾಕಿ ಮಾರಾಟಗಾರರು ಬ್ಯಾಟರಿ ಕಂಪ್ಯೂಟರಿನ ನೆನಪನ್ನೇ ಅಳಿಸಿ ಮನೆಗಳನ್ನೆಲ್ಲ ಮತ್ತೆ ತುಂಬಿಸಿಬಿಡುತ್ತಿದ್ದರು. ಕಾರು ಮನೆಗೆ ಬಂದು ಕೆಲವು ವಾರ ಓಡಿದ ಮೇಲೆ ಕಂಪ್ಯೂಟರಿಗೆ ಸತ್ಯ ಗೊತ್ತಾಗಿ ಪಟ್ಟಿಗಳು ಒಂದೊಂದೇ ಉದುರುತ್ತಿದ್ದವು. ಅಷ್ಟರಲ್ಲಿ ದಲ್ಲಾಳಿ ದಕ್ಷಿಣೆ ಎಣಿಸಿ ಆಗಿರುತ್ತಿತ್ತು.

ಆದ್ದರಿಂದ ಅಸಲಿ ಜಾತಕ ಬೇಕು. ಅದು ಇರುವುದು ಸ್ಟಿಯರಿಂಗಿನ ಕೆಳಗೆ, ಕತ್ತಲಲ್ಲಿ. ಮೊಣಕಾಲೂರಿ, ಕತ್ತು ತಿರುಚಿ, ಬ್ರೇಕ್ ಪೆಡಲಿಗೆ ಕೆನ್ನೆ ತಾಗಿಸಿ ಟಾರ್ಚ್ ಬಿಟ್ಟರೆ ಒಂದು ಕಡೆ ಅಗಲ, ಒಂದು ಕಡೆ ಕಿರಿದಾದ ಒಂದು ಸಾಕೆಟ್ ಕಾಣುತ್ತದೆ. ಎರಡು ಸಾಲು, ಸಾಲಿಗೆ ಎಂಟು ತೂತು. ಒಬಿಡಿ ಪೋರ್ಟ್ ಎಂದು ಅದರ ಹೆಸರು. ಕ್ಯಾಲಿಫೋರ್ನಿಯಾದವರು ಹೊಗೆಯ ಕಾಟ ತಾಳಲಾರದೆ ಶುರು ಮಾಡಿದ ವ್ಯವಸ್ಥೆ. 1996ರ ಮಾದರಿಯಿಂದ ಅಮೆರಿಕದ ಎಲ್ಲ ಕಾರುಗಳಿಗೂ ಕಡ್ಡಾಯವಾಯಿತು. ಸ್ಟಿಯರಿಂಗಿನಿಂದ ಎರಡು ಅಡಿಯೊಳಗೇ ಇರಬೇಕು ಎಂಬ ಕಟ್ಟುಪಾಡೂ ಇದೆ. ಕಾರು ಎಷ್ಟು ಹೊಗೆ ಉಗುಳುತ್ತಿದೆ ಎಂದು ಇನ್ಸ್‌ಪೆಕ್ಟರು ವಿಚಾರಿಸಲು ಮಾಡಿದ ತೂತು ಇದು.

ಈಗ ನೋಡಿ ತಮಾಷೆ. ಎಲೆಕ್ಟ್ರಿಕ್ ಕಾರಿಗೆ ಹೊಗೆಯ ಕೊಳವೆಯೇ ಇಲ್ಲ, ಹೊಗೆ ವಿಚಾರಿಸುವ ತೂತು ಮಾತ್ರ ಇದೆ. ಪೆಟ್ರೋಲ್ ಕಾರು ಯಾವ ಪ್ರಶ್ನೆಗೆ ಯಾವ ಉತ್ತರ ಕೊಡಬೇಕೆಂದು ಕಾನೂನೇ ಹೇಳಿದೆ. ಹೊಗೆಯಿಲ್ಲದ ಕಾರಿಗೆ ಆ ಕಟ್ಟಳೆ ಅನ್ವಯಿಸಲಿಲ್ಲ. ಹಾಗಾಗಿ ಬ್ಯಾಟರಿಯ ಗುಟ್ಟನ್ನು ಒಂದೊಂದು ಕಂಪನಿ ಒಂದೊಂದು ಸಂಕೇತದಲ್ಲಿ ಬಚ್ಚಿಟ್ಟಿತು. ಲೀಫಿನಲ್ಲಿ 79ಬಿ ಎಂಬ ವಿಳಾಸಕ್ಕೆ ಪ್ರಶ್ನೆ ಕಳಿಸಿದರೆ 7ಬಿಬಿ ಎಂಬ ವಿಳಾಸದಿಂದ ಉತ್ತರ ಬರುತ್ತದೆ. ಇದನ್ನು ಕಂಪನಿ ಬಾಯಿಬಿಟ್ಟು ಹೇಳಿದ್ದಲ್ಲ, ಮಾಲೀಕರೇ ಕೂತು ತಂತಿಯ ಮೇಲೆ ಓಡುವ ಅಂಕಿಗಳನ್ನು ಗಂಟೆಗಟ್ಟಲೆ ದಿಟ್ಟಿಸಿ ಬಿಡಿಸಿದ ಒಗಟು. ಅದನ್ನೆಲ್ಲ ಓದಿ ಹೇಳಲು ಲೀಫ್ ಸ್ಪೈ ಎಂಬ ಫೋನ್ ಆ್ಯಪ್ ಹುಟ್ಟಿತು. ಹೆಸರಲ್ಲೇ ಗೂಢಚಾರ ಇದ್ದಾನೆ. ನಮ್ಮ ಕಾರಿನ ಮೇಲೆ ನಾವೇ ಬೇಹು ಬಿಡುವ ಕಾಲ!

ಗೂಢಚಾರನಿಗೂ ಕಾರಿಗೂ ನಡುವೆ ಒಬ್ಬ ದುಭಾಷಿ ಬೇಕು. ಅದೇ ಡಾಂಗಲ್ಲು. ಅಂಗೈಯಲ್ಲಿ ಮುಚ್ಚಿ ಹೋಗುವಷ್ಟು ಡಬ್ಬಿ, ಒಂದು ಕಡೆ ಹದಿನಾರು ಪಿನ್ನು, ಒಳಗೆ ಬ್ಲೂಟೂತು. ಇದರ ಆತ್ಮ ಎಲ್ಮ್ 327 ಎಂಬ ಚಿಪ್ಪು. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಪುಟ್ಟ ಕಂಪನಿಯ ಕೂಸು. ಮೊದಲ ಆವೃತ್ತಿಗೆ ಅವರು ನಕಲು ತಡೆಯುವ ಬೀಗ ಹಾಕಿರಲಿಲ್ಲ. ಚೀನಾದವರು ಅದನ್ನು ಅಕ್ಕರೆಯಿಂದ ಎತ್ತಿಕೊಂಡು ಲಕ್ಷಗಟ್ಟಲೆ ಹೆತ್ತರು. ಸಂತತಿ ಎಷ್ಟು ಬೆಳೆಯಿತೆಂದರೆ, ಎಲ್ಮ್ ಕಂಪನಿ ಯಾವತ್ತೂ ಮಾಡದ 1.5 ಎಂಬ ಆವೃತ್ತಿಯ ಚಿಪ್ಪು ಇವತ್ತಿಗೂ ಮಾರುಕಟ್ಟೆಯಲ್ಲಿ ದಂಡಿಯಾಗಿ ಸಿಗುತ್ತದೆ. ತಾಯಿ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಮಕ್ಕಳು ಮಾತ್ರ ಚೆನ್ನಾಗಿದ್ದಾರೆ, ಬಣ್ಣ ಬಣ್ಣದ ಡಬ್ಬಿಯಲ್ಲಿ.

ಭಾವಮೈದನ ಕೈಯಲ್ಲಿರುವ ವ್ಯವಸ್ಥೆಯನ್ನು ಒಮ್ಮೆ ಲೆಕ್ಕ ಹಾಕಿ: ಜಪಾನಿನ ಕಾರು, ಅಮೆರಿಕದ ಪೋರ್ಟು, ಅದರೊಳಗೆ ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ಎಂಬ ತಂತಿಭಾಷೆ, ಕೆನಡಾದ ಚಿಪ್ಪಿನ ಚೀನೀ ಅವತಾರ, ಸ್ವೀಡನ್ನಿನ ಎರಿಕ್ಸನ್‌ನಲ್ಲಿ ಹುಟ್ಟಿದ ಬ್ಲೂಟೂತು. ಇಷ್ಟು ದೇಶಗಳನ್ನು ಒಂದು ಕಡೆ ಕೂರಿಸಲು ವಿಶ್ವಸಂಸ್ಥೆಗೇ ಆಗಿಲ್ಲ. ಇವನು ಚನ್ನರಾಯಪಟ್ಟಣದವನು, ಪಾರ್ಕಿಂಗಿನಲ್ಲಿ ಕೂತು ಪ್ರಯತ್ನಿಸುತ್ತಾನೆ.

ಕನೆಕ್ಟ್ ಆಗುವುದೆಂದರೆ ಸಾಮಾನ್ಯ ಶಾಸ್ತ್ರವಲ್ಲ. ಡಾಂಗಲ್ ಚುಚ್ಚಿದೊಡನೆ ಕೆಂಪು ದೀಪ ಮಿಣುಕುತ್ತದೆ. ಫೋನ್ ಗುಟ್ಟಿನ ಸಂಖ್ಯೆ ಕೇಳುತ್ತದೆ: 1234. ಒಪ್ಪದಿದ್ದರೆ 0000. ಜಗತ್ತಿನ ಅತಿ ದೊಡ್ಡ ಗುಟ್ಟು ಇದು, ಎಲ್ಲರಿಗೂ ಗೊತ್ತು. ಆ್ಯಪ್ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿದ್ದರೆ "ನೀವಿರುವ ಸ್ಥಳ ತಿಳಿಯಲು ಅನುಮತಿ ಕೊಡಿ" ಅನ್ನುತ್ತದೆ. ಅಲ್ಲಯ್ಯಾ, ನಾನು ಕಾರಿನೊಳಗೇ ಇದ್ದೇನೆ! ಸುತ್ತಲಿನ ಬ್ಲೂಟೂತ್ ಉಪಕರಣಗಳನ್ನು ನೋಡಿ ನೀವೆಲ್ಲಿದ್ದೀರೆಂದು ಊಹಿಸಬಹುದಾದ್ದರಿಂದ ಈ ಮಡಿ. ಐಫೋನಿನವರ ಕಥೆ ಇನ್ನೂ ಘೋರ. ಹಳೇ ಬ್ಲೂಟೂತಿನ ಅಗ್ಗದ ಡಾಂಗಲ್ಲನ್ನು ಐಫೋನ್ ಹತ್ತಿರಕ್ಕೂ ಸೇರಿಸುವುದಿಲ್ಲ. ಒಂದೋ ಬಿಎಲ್ಇ ಎಂಬ ಹೊಸ ಬಗೆಯದು ಬೇಕು, ಇಲ್ಲವೇ ವೈಫೈ ಡಾಂಗಲ್ಲು ಬೇಕು. ವೈಫೈ ಆದರೆ ಫೋನು ನಡುವೆ ನಡುವೆ "ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲವಲ್ಲ, ಬಿಟ್ಟುಬಿಡಲೇ?" ಎಂದು ಕೇಳುತ್ತದೆ. ಬೇಡ ಅನ್ನುವಷ್ಟರಲ್ಲಿ ಬಿಟ್ಟಿರುತ್ತದೆ.

ಇಷ್ಟಾದ ಮೇಲೆ ಆ್ಯಪ್ ಡಾಂಗಲ್ಲಿಗೆ "ಎಟಿಝಡ್" ಎಂದು ಆಜ್ಞೆ ಕೊಡುತ್ತದೆ, ಎದ್ದೇಳು, ಮುಖ ತೊಳಿ ಎಂದರ್ಥ. ಕಿರ್‍ರ್ ಎಂದು ಕೂಗಿ ಇಂಟರ್ನೆಟ್ ಹಿಡಿಯುತ್ತಿದ್ದ ಹಳೇ ಮೋಡೆಮ್‌ಗಳಿಗೆ ಕೊಡುತ್ತಿದ್ದದ್ದೂ ಇದೇ ಎಟಿ ವಂಶದ ಆಜ್ಞೆಗಳೇ. ಅಸಲಿ ಚಿಪ್ಪಾದರೆ ಹೇಳಿದಂತೆ ಕೇಳುತ್ತದೆ. ನಕಲಿಯಾದರೆ ಹೆಸರು, ಆವೃತ್ತಿಯ ಸಂಖ್ಯೆಯನ್ನೆಲ್ಲ ಜೋರಾಗಿ ಒಪ್ಪಿಸಿ, ಕೆಲಸ ಹೇಳಿದ ಕೂಡಲೇ ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸುತ್ತದೆ. ಬರೀ "?". ಎಲೆಕ್ಟ್ರಿಕ್ ಕಾರಿನ ಉತ್ತರ ಉದ್ದ, ಒಂದೇ ಉಸಿರಿಗೆ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಕೈಸೇರಿದ ಮೇಲೆ "ಸರಿ, ಮುಂದುವರಿಸು" ಎಂದು ಡಾಂಗಲ್ಲು ತಿರುಗಿ ಹೇಳಬೇಕು. ಅದು ಹೇಳದೆ ಕೂತರೆ ಕಾರು ಮಾತು ನಿಲ್ಲಿಸುತ್ತದೆ, ಪರದೆಯ ಮೇಲೆ "ನೋ ಡೇಟಾ" ಬೀಳುತ್ತದೆ. ಪೆಟ್ರೋಲ್ ಕಾರಿನಲ್ಲಿ ನೆಟ್ಟಗೆ ನಡೆದ ಡಾಂಗಲ್ಲು ಎಲೆಕ್ಟ್ರಿಕ್ ಕಾರಿನಲ್ಲಿ ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ.

ಅಂತೂ ಹಸಿರು ದೀಪ ಬಂತೆನ್ನಿ. ಪರದೆಯ ಮೇಲೆ 96 ಪುಟ್ಟ ಕಂಬಗಳು ಸಾಲಾಗಿ ಏಳುತ್ತವೆ. ಹಳೆಯ ಲೀಫಿನ ಬ್ಯಾಟರಿಯಲ್ಲಿ 192 ಸೆಲ್ಲುಗಳು ಎರಡೆರಡು ಜೋಡಿಯಾಗಿ, ಆ 96 ಜೋಡಿಗಳು ಒಂದರ ಹಿಂದೊಂದು ಕೂತಿವೆ. ಒಂದೊಂದು ಕಂಬ ಒಂದೊಂದು ಜೋಡಿಯ ವೋಲ್ಟೇಜು. ಅತಿ ಎತ್ತರದ ಕಂಬಕ್ಕೂ ಅತಿ ಗಿಡ್ಡ ಕಂಬಕ್ಕೂ ಎಷ್ಟು ಮಿಲಿವೋಲ್ಟ್ ಅಂತರ ಎಂಬುದೇ ಸೆಲ್ ಡೆಲ್ಟಾ, ಅದೇ ಸಂಸಾರದ ಸಾಮರಸ್ಯ. ಹಿಂದಿನ ಯಜಮಾನ ಎಷ್ಟು ಸಲ ಫಾಸ್ಟ್ ಚಾರ್ಜ್ ಮಾಡಿದ, ಎಷ್ಟು ಸಲ ನಿಧಾನಕ್ಕೆ ಮಾಡಿದ ಎಂಬ ಪೂರ್ವಜನ್ಮದ ವೃತ್ತಾಂತವೂ ಅಲ್ಲೇ ಇದೆ. ಕೊಳ್ಳುವವನಿಗೆ ಇಷ್ಟು ಸಿಕ್ಕಿದರೆ ಸಾಕು. ನಮ್ಮವನಿಗೆ ಸಾಲದು. ರಾತ್ರಿ ವಿಡಿಯೋ ಕಾಲಿನಲ್ಲಿ 37ನೇ ಜೋಡಿ ಯಾಕೋ ಸಪ್ಪಗಿದೆ ಅನ್ನುತ್ತಾನೆ. ಅವನ ಹೆಂಡತಿ ಹಿಂದಿನಿಂದ, "ನನಗೆ ಮೂರು ದಿನದಿಂದ ನೆಗಡಿ, ಅದು ಕಂಡಿಲ್ಲ ಇವರಿಗೆ" ಅನ್ನುತ್ತಾಳೆ.

ನಗುವುದು ಸುಲಭ. ಆದರೆ ಈ ಗೀಳಿಗೂ ಒಂದು ಕಾರಣವಿದೆ. ಹಳೆಯ ಲೀಫಿನ ಬ್ಯಾಟರಿಗೆ ನೀರಿನ ತಂಪೂ ಇಲ್ಲ, ಫ್ಯಾನಿನ ಗಾಳಿಯೂ ಇಲ್ಲ. 2012ರಲ್ಲಿ ಅಮೆರಿಕದ ಅರಿಜೋನಾದ ಸುಡುಬಿಸಿಲಿನಲ್ಲಿ, ಫೀನಿಕ್ಸ್ ಊರಿನ ಸುತ್ತಮುತ್ತ, ವರ್ಷ ಒಂದೆರಡು ಕಳೆಯುವುದರೊಳಗೆ ಕಾರುಗಳ ಪಟ್ಟಿ ಉದುರತೊಡಗಿದವು. ಮಾಲೀಕರು ಅಂಕಿ ಹಿಡಿದುಕೊಂಡು ಗಲಾಟೆ ಎಬ್ಬಿಸಿದರು, ಕೋರ್ಟಿಗೂ ಹೋದರು. ಕೊನೆಗೆ ಐದು ವರ್ಷ ಅಥವಾ 60,000 ಮೈಲಿಯೊಳಗೆ ಒಂಬತ್ತು ಪಟ್ಟಿಗಿಂತ ಕೆಳಗಿಳಿದರೆ ಸರಿಪಡಿಸಿಕೊಡುತ್ತೇವೆಂದು ನಿಸಾನ್ ಮಾತು ಕೊಟ್ಟಿತು. ಅಂಕಿ ಕೈಯಲ್ಲಿಲ್ಲದೆ ಬರೀ "ಯಾಕೋ ಮೊದಲಿನ ಹಾಗೆ ಓಡ್ತಿಲ್ಲ" ಅಂತ ಹೋಗಿದ್ದರೆ "ಎಸಿ ಕಡಿಮೆ ಹಾಕಿ ಸಾರ್" ಎಂದು ಹೇಳಿ ಕಳಿಸುತ್ತಿದ್ದರು.

"ಕಂಪನಿಯದೇ ಆ್ಯಪ್ ಇರುತ್ತಲ್ಲ, ಈ ತೂತಿನ ಸಹವಾಸ ಯಾಕೆ?" ಎಂದು ಕೇಳುವವರಿದ್ದಾರೆ. 2016ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಭದ್ರತಾ ತಜ್ಞ ಟ್ರಾಯ್ ಹಂಟ್ ಆ ಕಂಪನಿ ಆ್ಯಪಿನ ಬಣ್ಣ ಬಯಲು ಮಾಡಿದ. ಗಾಜಿನ ಅಂಚಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದಿರುತ್ತದಲ್ಲ ಕಾರಿನ ಗುರುತಿನ ಸಂಖ್ಯೆ, ಅದೊಂದು ಗೊತ್ತಿದ್ದರೆ ಸಾಕು, ಜಗತ್ತಿನ ಯಾವ ಮೂಲೆಯಲ್ಲಿ ಕೂತವನಾದರೂ ನಿಮ್ಮ ಲೀಫಿನ ಎಸಿ ಹಾಕಬಹುದಿತ್ತು, ನೀವು ಎಷ್ಟು ದೂರ ಓಡಾಡಿದಿರಿ ಎಂದು ನೋಡಬಹುದಿತ್ತು. ಪಾಸ್‌ವರ್ಡಿನ ಗೊಡವೆಯೇ ಇಲ್ಲ. ನಮ್ಮ 1234 ಅದಕ್ಕಿಂತ ವಾಸಿ, ನಾಲ್ಕು ಅಂಕಿಯಾದರೂ ಕೇಳುತ್ತದೆ! ಮುಂದೆ 2024ರ ಏಪ್ರಿಲ್ ಒಂದರಂದು ಬ್ರಿಟನ್ನಿನ ಹಳೆಯ ಲೀಫುಗಳಿಗೆ ಆ ಆ್ಯಪ್ ಸೇವೆಯೇ ನಿಂತಿತು. ಏಪ್ರಿಲ್ ಫೂಲ್ ಇರಬೇಕೆಂದು ಕೆಲವರಾದರೂ ಕಾದಿರಬಹುದು. ಸ್ಟಿಯರಿಂಗ್ ಕೆಳಗಿನ ತೂತು ಮಾತ್ರ ಇವತ್ತಿಗೂ ಯಾರ ಸರ್ವರಿನ ಹಂಗಿಲ್ಲದೆ ಮಾತಾಡುತ್ತಿದೆ.

ಕಾರಿಗೂ ಫೋನಿಗೂ ನೆಂಟಸ್ತನ ಬೆಳೆಸುವ ಆಸೆ ನಮ್ಮೂರಿಗೇನೂ ಹೊಸದಲ್ಲ. ಬೆಂಗಳೂರಿನ ಚೇತನ್ ಮೈನಿ ಅವರ ರೇವಾ ಎಂಬ ಎಲೆಕ್ಟ್ರಿಕ್ ಕಾರು 2001ರಲ್ಲೇ ರಸ್ತೆಗಿಳಿದಿತ್ತು. ಅದೇ ಕಂಪನಿ 2009ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ರಿವೈವ್ ಎಂಬ ವಿದ್ಯೆ ತೋರಿಸಿತು. ನಡುರಸ್ತೆಯಲ್ಲಿ ಚಾರ್ಜ್ ಮುಗಿದರೆ ಕಂಪನಿಗೆ ಫೋನ್ ಮಾಡುವುದು, ಇಲ್ಲವೇ ಎಸ್ಎಂಎಸ್ ಕಳಿಸುವುದು. ಅವರು ದೂರದಿಂದಲೇ ಬ್ಯಾಟರಿ ಪರೀಕ್ಷಿಸಿ, ಒಳಗೆ ಬಚ್ಚಿಟ್ಟ ಚೂರು ಚಾರ್ಜನ್ನು ಬಿಡುಗಡೆ ಮಾಡುವುದು. ಚಾರ್ಜ್ ನಮ್ಮದೇ, ಬೇಡಿಕೊಳ್ಳಬೇಕಿತ್ತು ಅಷ್ಟೇ.

ಈಗ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೂ ಈ ಜೋಯಿಸರು ಹುಟ್ಟಿಕೊಂಡಿದ್ದಾರೆ. ಇವರದ್ದು 2020ರಿಂದೀಚೆಗೆ ಬಂದ ಕಾರುಗಳು. ಅವುಗಳಲ್ಲೊಂದಾದ ನೆಕ್ಸಾನ್ ಇವಿಯ ಬ್ಯಾಟರಿಗೆ ದ್ರವದ ತಂಪಿದೆ, ಕನಿಷ್ಠ ಎಂಟು ವರ್ಷದ ವಾರಂಟಿಯಿದೆ. ಬೆಂಗಳೂರಿನ ಹವೆಗೂ ಅರಿಜೋನಾಕ್ಕೂ ಸಂಬಂಧವಿಲ್ಲ. ಆದರೂ ಬೆಳಿಗ್ಗೆ ಹಾಲು ತರಲು ಹೋದವರು ಕಾರಿನಲ್ಲಿ ಕೂತು ಎಸ್‌ಒಎಚ್, ಅಂದರೆ ಬ್ಯಾಟರಿಯಲ್ಲಿ ಉಳಿದ ಕಸುವಿನ ಶೇಕಡಾ ಅಂಕಿ ನೋಡಿ ಬರುತ್ತಾರೆ. ನಿನ್ನೆ 97.2 ಇದ್ದದ್ದು ಇವತ್ತು 97.1 ಆದರೆ ತಿಂಡಿ ಸೇರುವುದಿಲ್ಲ. ಈ ಅಂಕಿ ಬ್ಯಾಟರಿ ಕಂಪ್ಯೂಟರಿನ ಅಂದಾಜು, ಅಳತೆಗೋಲಿಟ್ಟು ಅಳೆದದ್ದಲ್ಲ. ಚಳಿಗೆ, ಸೆಕೆಗೆ, ಓಡಿಸಿದ ಬಗೆಗೆ ಅತ್ತಿತ್ತ ಸರಿಯುತ್ತದೆ ಎಂದರೆ ಯಾರು ಕೇಳುತ್ತಾರೆ? ಲೀಫಿನವರಲ್ಲಂತೂ ಒಂದೆರಡು ಫಾಸ್ಟ್ ಚಾರ್ಜ್ ಮಾಡಿಸಿದರೆ ಅಂಕಿ ತುಸು ಮೇಲೇರುತ್ತದೆಂದು ಕಂಡುಕೊಂಡು ಅದನ್ನೇ ಗ್ರಹಶಾಂತಿಯಾಗಿ ಮಾಡಿಸುವವರಿದ್ದಾರೆ. ಬ್ಯಾಟರಿ ಅಲ್ಲಿಯೇ ಇರುತ್ತದೆ, ಏರಿದ್ದು ಅಂಕಿ.

ನನ್ನ ತೀರ್ಪು ಇಷ್ಟೇ. ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳುವವರು ಜಾತಕ ನೋಡದೆ ಮುಂಗಡ ಕೊಡಬೇಡಿ. "ಡಾಂಗಲ್ ಎಲ್ಲ ಹಾಕಬೇಡಿ ಸಾರ್, ಗಾಡಿ ಸೂಪರ್ ಇದೆ" ಅನ್ನುವವನ ಹತ್ತಿರ ಕಾಫಿ ಮಾತ್ರ ಕುಡಿದು ಎದ್ದು ಬನ್ನಿ. ಡಾಂಗಲ್ಲಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟು, ನಿಮ್ಮ ಆ್ಯಪ್ ಮಾಡಿದವರೇ ಶಿಫಾರಸು ಮಾಡಿದ್ದನ್ನು ತನ್ನಿ. ಕಾರು ನಿಮ್ಮದೇ ಆಗಿದ್ದರೆ ವರ್ಷಕ್ಕೊಮ್ಮೆ ನೋಡಿ, ವಾರಂಟಿ ಮುಗಿಯುವ ಮುಂಚೆ ಇನ್ನೊಮ್ಮೆ ನೋಡಿ, ಪರದೆಯ ಫೋಟೋ ತೆಗೆದಿಡಿ. ನೋಡಿದ ಮೇಲೆ ಡಾಂಗಲ್ಲು ಕಿತ್ತು ಡ್ರಾಯರಿನಲ್ಲಿಡಿ. ಆ ಪೋರ್ಟಿನ ಹದಿನಾರನೇ ಪಿನ್ನಿಗೆ ಕಾರು ನಿಂತಿದ್ದರೂ 12 ವೋಲ್ಟ್ ಹರಿಯುತ್ತಲೇ ಇರುತ್ತದೆ. ಮಿಣುಕುವ ಡಬ್ಬಿಯನ್ನು ಅಲ್ಲೇ ಬಿಟ್ಟು ದಸರಾ ರಜೆಗೆ ಊರಿಗೆ ಹೋದರೆ ಅದು ಆ 12 ವೋಲ್ಟ್ ಕೊಡುವ, ಕಾರನ್ನು ಎಬ್ಬಿಸುವ ಚಿಕ್ಕ ಬ್ಯಾಟರಿಯನ್ನು ಹೀರಿ ಮಲಗಿಸಿಬಿಡಬಹುದು. ಚಿಕ್ಕದು ಮಲಗಿದರೆ, ದೊಡ್ಡ ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೂ ಕಾರು ಏಳುವುದಿಲ್ಲ.